ಕಾಜಾ ಮಾಸ್ಟರನ ನಿಯತ್ತು

ಆ ದಿನ ಬೆಳಗ್ಗೆ ಕಾಜಾ ಮಾಸ್ಟರ್ ಫೋನಿನಲ್ಲಿ ‘ಹೋಗ್ಬಿಟ್ರು’ ಅನ್ನುವ ಬದಲು ‘ತಂಡ ಬಿಟ್ಟು ಹೋಗ್ಬಿಟ್ರು’ ಅಂದಿದ್ದರೆ ಮುಂದಿನ ರಾಮಾಯಣ ಒಂದೂ ನಡೆಯುತ್ತಿರಲಿಲ್ಲ. ಆದರೆ ದುಃಖದಲ್ಲಿರುವವನು ವ್ಯಾಕರಣ ನೋಡಿಕೊಂಡು ಮಾತಾಡುವುದಿಲ್ಲ.

ಹೋದದ್ದು ಏಣಿ. ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಮಹಾ ಆಟಗಾರ. ಕೈಯೆತ್ತಿ ನಿಂತರೆ ಚೆಂಡಿಗೇ ತಾನಾಗಿ ಬುಟ್ಟಿಯೊಳಗೆ ಇಳಿಯಬೇಕು ಅನ್ನಿಸುವಂಥ ಎತ್ತರ. ಅದಕ್ಕೇ ಊರೆಲ್ಲ ಅವನನ್ನು ‘ಏಣಿ’ ಎಂದು ಕರೆಯುತ್ತಿತ್ತು. ವಯಸ್ಸಿನಲ್ಲಿ ತನಗಿಂತ ಎಷ್ಟೋ ಚಿಕ್ಕವನಾದರೂ ಕಾಜಾ ಮಾಸ್ಟರ್ ಮಾತ್ರ ‘ಏಣಿಯವರು’ ಎಂದೇ ಅನ್ನುತ್ತಿದ್ದ. ಅಂಥ ಏಣಿಯವರು ನದಿಯಾಚೆಯ ತಂಡ ಸೇರಿದ್ದರು. ಅಲ್ಲಿ ಈಗಾಗಲೇ ಇಬ್ಬರು ಮಹಾರಥಿಗಳಿದ್ದರು. ಮೂವರೂ ಸೇರಿ ಪಂದ್ಯಾವಳಿಯ ಕಪ್ಪು ಹೊಡೆಯುವುದೆಂದು ಒಳಗೊಳಗೇ ಮಾತಾಡಿಕೊಂಡಿದ್ದರಂತೆ. ಬೆಳಗಿನ ಸುದ್ದಿಯಲ್ಲಿ ಇದನ್ನು ಕೇಳಿದ ಕಾಜಾ ಮಾಸ್ಟರ್ ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡೇ ಮಂಚದ ಮೇಲೆ ಕುಸಿದ.

ಅವನ ಸಂಕಟ ತಿಳಿಯಬೇಕಾದರೆ ಅವನ ಕೆಲಸ ತಿಳಿದಿರಬೇಕು. ಹೊಲಿಗೆ ಅಂಗಡಿಯಲ್ಲಿ ಗುಂಡಿ ತೂರುವ ಕಂಡಿಗೆ ದಾರ ಸುತ್ತಿ ಕಾಜಾ ಮಾಡುವವನು ಅವನು. ಕೋಟು ಮೈಗೆ ಒಪ್ಪಿದರೆ ಕಟಿಂಗ್ ಮಾಸ್ಟರಿಗೆ ಹೆಸರು, ಹೆಗಲು ಚೆನ್ನಾಗಿ ಕೂತರೆ ಕೋಟು ಮಾಸ್ಟರಿಗೆ ಹೆಸರು. ಗುಂಡಿ ಕಿತ್ತು ಬಂದರೆ ಮಾತ್ರ ಕಾಜಾ ಮಾಸ್ಟರಿಗೆ ಹೆಸರು. ಆಳು ಇಸ್ತ್ರಿ ಮೇಜಿಗಿಂತ ಒಂದು ಗೇಣು ಎತ್ತರ. ದಿನವಿಡೀ ಬಗ್ಗಿ ಕೂತು ಕಣ್ಣು ಕಿರಿದು ಮಾಡಿಕೊಂಡು ದುಡಿದು, ವಾರಕ್ಕೊಮ್ಮೆ ಕ್ರೀಡಾಂಗಣದ ಕೊನೆಯ ಮೆಟ್ಟಿಲಲ್ಲಿ ಕೂತು ಏಣಿಯವರನ್ನು ನೋಡಿದರೆ, ತಾನೂ ಒಂದಿಷ್ಟು ಉದ್ದವಾದಂತೆ ಅನ್ನಿಸುತ್ತಿತ್ತು. ಗೆಲ್ಲದ ತಂಡ ಅದು. ಆದರೂ ಏಣಿಯವರು ಬಿಟ್ಟುಹೋಗಿರಲಿಲ್ಲ. ಅವರು ಇದ್ದಾರಲ್ಲ ಅನ್ನುವುದೇ ಅವನಿಗೆ ಕಪ್ಪು.

ಅಷ್ಟರಲ್ಲಿ ಅಂಗಡಿಯ ಓನರ್ ಫೋನು ಮಾಡಿದರು.

“ಯಾಕಯ್ಯಾ ಇನ್ನೂ ಬಂದಿಲ್ಲ? ಹೋಟೆಲಿನವರ ಕೋಟೆಲ್ಲ ನಿನ್ನ ಕಾಜಾಗೆ ಕಾಯ್ತಾ ಬಿದ್ದಿವೆ.”

“ಹೋಗ್ಬಿಟ್ರು ಓನರೇ…” ಕಾಜಾ ಮಾಸ್ಟರ್ ಮೂಗೊರೆಸಿಕೊಂಡ.

ಮನೆಯಲ್ಲಿ ಅವನ ಮಾವ ಇದ್ದರು, ಹೆಂಡತಿಯ ತಂದೆ. ಹೋದ ವಾರ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬಂದದ್ದು ಅಂಗಡಿಗೆಲ್ಲ ಗೊತ್ತಿತ್ತು. ಓನರಿಗೆ ಹೊಳೆದದ್ದು ಅವರೇ.

“ಅಯ್ಯೋ ಪಾಪ! ಯಾವಾಗ?”

“ಬೆಳಗ್ಗೆ ಎದ್ದಾಗ ಗೊತ್ತಾಯ್ತು. ಒಂದು ಮಾತು ಹೇಳ್ದೆ ಹೊರಟ್ಬಿಟ್ರು.”

“ನರಳಾಟ ಏನೂ ಇರ್ಲಿಲ್ಲ ತಾನೇ?”

“ಅವರಿಗೇನು ನರಳಾಟ? ನರಳೋರು ನಾವು. ಅವರು ಸುಖವಾಗಿರೋ ಜಾಗಕ್ಕೇ ಹೋದ್ರು.”

“ಹಾಗೇ ಸಮಾಧಾನ ಮಾಡ್ಕೋಬೇಕು ಕಣಯ್ಯಾ. ಎಲ್ರೂ ಒಂದಿನ ಹೋಗೋರೇ.”

“ಇವರು ಹೋಗ್ತಾರೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ ಓನರೇ. ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಓಡಾಡ್ಕೊಂಡಿರ್ಬೋದಿತ್ತು.”

“ನೀನು ಮನೇಲೇ ಇರು. ನಾವೇ ಬರ್ತೀವಿ.”

ಓನರ್ ಎಂಥ ದೊಡ್ಡ ಮನುಷ್ಯ ಎಂದುಕೊಂಡು ಕಾಜಾ ಮಾಸ್ಟರ್ ಹೊದಿಕೆ ಎಳೆದುಕೊಂಡು ಮುಖ ಗೋಡೆಯತ್ತ ತಿರುಗಿಸಿ ಮಲಗಿದ.

ಅಂಗಡಿಗೆ ಬೀಗ ಬಿತ್ತು. ಓನರ್, ಕಟಿಂಗ್ ಮಾಸ್ಟರ್, ಕೋಟು ಮಾಸ್ಟರ್ ಮೂವರೂ ಬಿಳಿ ಹೂವಿನ ದೊಡ್ಡ ಗುಚ್ಛ ಹಿಡಿದು, ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿದರು. ಕೆಳಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಹೂವು ನೋಡಿದಳು, ಮುಖಗಳನ್ನು ನೋಡಿದಳು. “ಮೇಲಿನ ಮನೆ ಯಜಮಾನ್ರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ, ಕಣ್ಣೊರೆಸಿಕೊಳ್ಳುತ್ತ ಅಕ್ಕಪಕ್ಕದ ಬಾಗಿಲುಗಳನ್ನು ಬಡಿಯತೊಡಗಿದಳು. ಹತ್ತು ಬೀದಿ ದೂರದ ಸುದ್ದಿಯನ್ನು ಹಿಡಿದು ತರುವ ಹೆಂಗಸಿಗೆ ತನ್ನ ತಲೆಯ ಮೇಲೆಯೇ ನಡೆದದ್ದು ಗೊತ್ತಾಗಲಿಲ್ಲವಲ್ಲ ಎಂಬ ದುಃಖವೇ ಹೆಚ್ಚಾಗಿತ್ತು.

ಬಾಗಿಲು ತೆರೆದವರು ಮಾವನೇ. ಕ್ಷೌರ ಮಾಡಿಕೊಳ್ಳುತ್ತಿದ್ದರು. ಬಿಳಿ ಬನಿಯನ್, ಮುಖದ ತುಂಬ ಬಿಳಿ ನೊರೆ, ನಡುವೆ ಪಿಳಿಪಿಳಿ ಎರಡು ಕಣ್ಣು. ಕೋಟು ಮಾಸ್ಟರ್ ಕಿಟಾರನೆ ಕಿರುಚಿ ಎರಡು ಮೆಟ್ಟಿಲು ಹಿಂದಕ್ಕೆ ಜಿಗಿದ. ಓನರ್ ಹೂಗುಚ್ಛವನ್ನು ಗುರಾಣಿಯ ಹಾಗೆ ಅಡ್ಡ ಹಿಡಿದರು. ಅದು ತನಗೇ ಎಂದುಕೊಂಡ ಮಾವ ಎರಡೂ ಕೈಚಾಚಿ ತೆಗೆದುಕೊಂಡರು.

“ಬನ್ನಿ ಬನ್ನಿ. ಆಸ್ಪತ್ರೆಯಿಂದ ಬಂದು ವಾರವಾಯ್ತು, ಯಾರೂ ಒಂದು ಹೂವು ತಂದಿರ್ಲಿಲ್ಲ.”

ನಾಲ್ಕು ಮನೆಯವರನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಕೆಳಮನೆಯಾಕೆ ಮಾವನನ್ನು ನೋಡಿದವಳೇ, “ಇದೇನು, ಇನ್ನೂ ಇದ್ದೀರಾ? ನಾನು ಎಲ್ರಿಗೂ ಹೇಳಿ ಆಯ್ತಲ್ಲ!” ಎಂದಳು, ಮಾತು ಕೊಟ್ಟು ತಪ್ಪಿದವರನ್ನು ಕೇಳುವ ಧಾಟಿಯಲ್ಲಿ.

ಗಲಾಟೆ ಕೇಳಿ ಕಾಜಾ ಮಾಸ್ಟರನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಸಂಗತಿ ತಿಳಿಯಿತು. ಒಳಗೆ ಹೋಗಿ ಹೊದಿಕೆಯನ್ನು ಒಂದೇ ಸಲಕ್ಕೆ ಎಳೆದಳು.

“ನಮ್ಮಪ್ಪ ಸತ್ರು ಅಂತ ಹೇಳಿದ್ರಾ ನೀವು?”

“ನಾನೆಲ್ಲಿ ಹೇಳ್ದೆ?” ಕಾಜಾ ಮಾಸ್ಟರ್ ಎದ್ದು ಹೊರಗೆ ಬಂದ. ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನ ಕಣ್ಣು ಕೆಂಪಾಗಿ ಊದಿಕೊಂಡಿತ್ತು. “ನಾನು ಹೇಳಿದ್ದು… ಏಣಿಯವರು. ಏಣಿಯವರು ನದಿಯಾಚೆಗೆ ಹೋಗ್ಬಿಟ್ರು.”

ಕೆಲಸ ಹೋಯಿತು ಎಂದುಕೊಂಡ ಕಾಜಾ ಮಾಸ್ಟರ್ ತಲೆ ತಗ್ಗಿಸಿದ. ಓನರ್ ನಿಧಾನವಾಗಿ ಮುಂದೆ ಬಂದರು. ಅವನ ಹೆಗಲ ಮೇಲೆ ಕೈಯಿಟ್ಟರು.

“ನಾನೂ ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ ಕಣಯ್ಯಾ,” ಎಂದರು. “ಮನೇಲಿ ಯಾರಿಗೆ ಹೇಳ್ಲಿ? ನಗ್ತಾರೆ.”

ಇಬ್ಬರೂ ತಬ್ಬಿಕೊಂಡರು. ಬಂದಿದ್ದವರಲ್ಲಿ ಮುಕ್ಕಾಲು ಪಾಲು ಜನ ಅದೇ ಗಾಯದವರು. ಒಬ್ಬೊಬ್ಬರಾಗಿ ಕೂತರು. ಸಾವಿನ ಮನೆಗೆ ಬೇಕಾದದ್ದೆಲ್ಲ ಸಿದ್ಧವಾಗಿತ್ತು: ಜನ, ಹೂವು, ಕೆಳಮನೆಯಾಕೆ ತರಿಸಿದ್ದ ಕುರ್ಚಿಗಳು. ಸತ್ತವರೊಬ್ಬರು ಬದಲಾಗಿದ್ದರು, ಅಷ್ಟೇ.

“ಒಬ್ಬನೇ ನಿಂತು ಸೋತರೂ ಅದಕ್ಕೊಂದು ಮರ್ಯಾದೆ ಇದೆ,” ಓನರ್ ಗಂಭೀರವಾಗಿ ಶುರು ಮಾಡಿದರು. “ಹುಲಿಗಳೆಲ್ಲ ಒಂದೇ ಪೊದೆ ಸೇರ್ಕೊಂಡ್ರೆ ಅದು ಬೇಟೆಯಲ್ಲ, ಕಸಾಯಿಖಾನೆ. ಉಂಡ ಮನೆಯ ಜಂತೆ ಎಣಿಸೋರು ಇವರೆಲ್ಲ. ಮನುಷ್ಯನಿಗೆ ನಿಯತ್ತು ಅನ್ನೋದೊಂದು ಇರ್ಬೇಕು.”

“ಅವನಿಗೂ ಕಪ್ಪು ಬೇಡ್ವಾ?” ಮಾವ ಅರ್ಧ ಕೆನ್ನೆ ಕೆರೆದುಕೊಂಡೇ ಕೇಳಿದರು. “ಅಷ್ಟು ವರ್ಷ ಒಬ್ಬನೇ ಗಾಡಿ ಎಳೆದ. ಜೊತೆಗಿದ್ದವರು ಚೆಂಡು ಹಿಡಿಯೋಕೆ ಬಾರದೋರು. ಎತ್ತಿಗೂ ಒಂದಿನ ಜೋಡಿ ಸಿಗ್ಬೇಕಲ್ಲ.”

ಎಲ್ಲರೂ ಒಟ್ಟಿಗೆ ಅವರ ಮೇಲೆ ಹರಿಹಾಯ್ದರು. ಅರ್ಧ ಗಂಟೆಯ ಹಿಂದೆ ಯಾವ ಮುದುಕ ಹೋದನೆಂದು ಕಣ್ಣೀರು ಹಾಕಿದ್ದರೋ, ಆ ಮುದುಕ ಯಾಕೆ ಹೋಗಲಿಲ್ಲವೋ ಎಂದು ಈಗ ಅನೇಕರಿಗೆ ಅನ್ನಿಸಿತು. ಮಾವ ಹೂಗುಚ್ಛ ಎತ್ತಿಕೊಂಡು ಒಳಗೆ ಹೋದರು.

ಜನ ಕರಗುವಾಗ ಮಧ್ಯಾಹ್ನವಾಗಿತ್ತು. ಓನರ್ ಮುಂದೆ ಇಳಿದು ಹೋದರು. ಬೆಳಗಿನಿಂದ ತುಟಿ ಬಿಚ್ಚದೆ ಕೂತಿದ್ದ ಕಟಿಂಗ್ ಮಾಸ್ಟರ್ ಕಾಜಾ ಮಾಸ್ಟರನ ತೋಳು ಹಿಡಿದು ಮೆಟ್ಟಿಲ ತಿರುವಿಗೆ ಕರೆದೊಯ್ದ. ಕೋಟು ಮಾಸ್ಟರ್ ಅತ್ತಿತ್ತ ನೋಡಿ ಕಾವಲು ನಿಂತ.

“ನೋಡು ಮಾರಾಯ, ಸಮಯ ಸರಿಯಿಲ್ಲ, ಆದ್ರೂ ಹೇಳ್ಲೇಬೇಕು. ನಾವಿಬ್ರೂ ಅಂಗಡಿ ಬಿಡ್ತಿದ್ದೀವಿ. ಎದುರುಗಡೆ ಮೂರು ಮಹಡಿ ಅಂಗಡಿಯವರು ಕರೆದಿದ್ದಾರೆ.”

“ಎದುರುಗಡೆ ಅಂದ್ರೆ… ನಮ್ಮ ಗಿರಾಕಿಗಳನ್ನೆಲ್ಲ ಸೆಳ್ಕೊಂಡೋರು?”

“ಅವ್ರೇ. ಕೈಕಾಜಾ ಮಾಡೋನೊಬ್ಬ ಬೇಕಂತೆ. ಯಂತ್ರದ ಕಾಜಾ ದೊಡ್ಡ ಗಿರಾಕಿಗಳಿಗೆ ಒಪ್ಪಲ್ಲ. ನಾವು ನಿನ್ನ ಹೆಸರು ಹೇಳಿದ್ವಿ. ನನ್ನ ಕತ್ತರಿ, ಇವನ ಹೊಲಿಗೆ, ನಿನ್ನ ಕಾಜಾ. ಮೂವರೂ ಒಂದಾದ್ರೆ ಈ ಊರಲ್ಲಿ ನಮ್ಮನ್ನ ಹಿಡಿಯೋರು ಯಾರು? ಸಂಜೆಯೊಳಗೆ ಹೇಳ್ಬೇಕು.”

ಕಾಜಾ ಮಾಸ್ಟರ್ ಗೋಡೆಗೆ ಒರಗಿದ. ಅವನ ಹೆಸರನ್ನು ಯಾರೋ ಹೇಳಿದ್ದರು. ಕತ್ತರಿಯ ಪಕ್ಕದಲ್ಲಿ, ಹೊಲಿಗೆಯ ಪಕ್ಕದಲ್ಲಿ, ಅದೇ ಉಸಿರಿನಲ್ಲಿ. ಜೀವಮಾನದಲ್ಲಿ ಮೊದಲ ಸಲ ಅವನು ಮೂವರಲ್ಲಿ ಒಬ್ಬನಾಗಿದ್ದ. ಎದೆಯೊಳಗೆ ಬೆಚ್ಚಗೆ ಏನೋ ಎದ್ದಿತು. ನದಿಯಾಚೆಯಿಂದ ಆ ಇಬ್ಬರು ಕರೆದಾಗ ಏಣಿಯವರಿಗೂ ಹೀಗೇ ಆಗಿರಬಹುದೇ ಎಂದು ಹೊಳೆಯಿತು. ಹೊಳೆದದ್ದೇ ತಡ, ಓನರಿನ ಕೈ ಹೆಗಲ ಮೇಲೆ ಇನ್ನೂ ಇದ್ದಂತೆ ಅನ್ನಿಸಿ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನೀವು ಹೋಗ್ರಪ್ಪಾ,” ಎಂದ. “ನಾನು ಬರಲ್ಲ. ಏಣಿಯವರಿಗೆ ಬಯ್ದ ಬಾಯಲ್ಲಿ ನಾನು ಹೂಂ ಅನ್ನೋದು ಹೇಗೆ? ನೀವಿಬ್ರೂ ಹೋದ್ಮೇಲೆ ಓನರ್ ಜೊತೆ ಯಾರಾದ್ರೂ ಒಬ್ಬ ಇರ್ಬೇಡ್ವಾ? ಸೋತ್ರೆ ಸೋಲ್ತೀವಿ. ಜೊತೆಗೇ ಸೋಲ್ತೀವಿ.”

ಕಟಿಂಗ್ ಮಾಸ್ಟರ್ “ದೊಡ್ಡವನು ಕಣಯ್ಯಾ ನೀನು,” ಎಂದು ಕೈ ಮುಗಿದು ಇಳಿದು ಹೋದ.

ಮೇಲೆ ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಕೈಮುಗಿಯಲಿಲ್ಲ.

“ನಮ್ಮಪ್ಪನ್ನ ಬೆಳಗ್ಗೆ ಸಾಯಿಸಿದ್ರಿ. ಮಧ್ಯಾಹ್ನ ಮನೆಗೆ ಬಂದ ಅದೃಷ್ಟಾನೂ ಸಾಯಿಸಿದ್ರಿ. ಸಂಜೆಗೆ ಯಾರು?” ಎಂದು ಕೇಳಿ ತಟ್ಟೆಯನ್ನು ಟಣ್ಣನೆ ಅವನ ಮುಂದಿಟ್ಟಳು.

ಊಟ ಸೇರಲಿಲ್ಲ. ಇಬ್ಬರು ಬಿಟ್ಟುಹೋಗುವ ಸುದ್ದಿಯನ್ನು ಓನರ್ ಬೇರೆಯವರ ಬಾಯಿಂದ ಕೇಳಬಾರದು, ಆ ಹೊತ್ತಿನಲ್ಲಿ ಪಕ್ಕದಲ್ಲಿ ತಾನಿರಬೇಕು ಎಂದು ನಿಶ್ಚಯಿಸಿ, ಹೊತ್ತು ಇಳಿಯುವಾಗ ಅಂಗಡಿಗೆ ಹೊರಟ. ಯಾವ ಮಾತಿನಿಂದ ಸಮಾಧಾನ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಓನರ್ ಒಬ್ಬರೇ ಇದ್ದರು. ಗೋಡೆಯ ಮೇಲಿದ್ದ ತಮ್ಮ ಹಳೆಯ ಟೇಪು, ಬೆರಳಿಗೆ ಹಾಕುವ ಹಿತ್ತಾಳೆಯ ಟೊಪ್ಪಿ, ಸೂಜಿಗಳ ಡಬ್ಬಿಯನ್ನು ಒಂದು ಚೀಲಕ್ಕೆ ತುಂಬುತ್ತಿದ್ದರು.

“ಓನರೇ, ಗಟ್ಟಿ ಮನಸ್ಸು ಮಾಡ್ಕೊಳ್ಳಿ. ಒಂದು ಕೆಟ್ಟ ಸುದ್ದಿ. ಕಟಿಂಗ್ ಮಾಸ್ಟರೂ ಕೋಟು ಮಾಸ್ಟರೂ…”

“ಗೊತ್ತು,” ಎಂದರು ಓನರ್, ತಲೆ ಎತ್ತದೆ. “ಮಧ್ಯಾಹ್ನ ಬಂದಿದ್ರು.”

“ನೀವೇನೂ ಚಿಂತೆ ಮಾಡ್ಬೇಡಿ. ನಾನು ಬರಲ್ಲ ಅಂತ ಖಂಡತುಂಡವಾಗಿ ಹೇಳ್ಬಿಟ್ಟೆ.”

“ಅದೂ ಗೊತ್ತು. ನೀನು ಬರಲ್ಲ ಅಂದ್ಯಂತೆ. ಅದಕ್ಕೇ ನನ್ನ ಹತ್ರ ಬಂದ್ರು.” ಓನರ್ ಹಿತ್ತಾಳೆಯ ಟೊಪ್ಪಿಯನ್ನು ಬೆರಳಿಗೆ ಹಾಕಿ ನೋಡಿ, ಮತ್ತೆ ತೆಗೆದರು. “ಅಂಗಡಿ ಇಡೋಕೆ ಮೊದ್ಲು ನಾನೂ ಕಾಜಾನೇ ಮಾಡ್ತಿದ್ದೆ ಕಣಯ್ಯಾ. ಕೈ ಇನ್ನೂ ಮರೆತಿಲ್ಲ.”

ಕಾಜಾ ಮಾಸ್ಟರ್ ಚೀಲವನ್ನೂ ಗೋಡೆಯ ಮೇಲಿನ ಖಾಲಿ ಮೊಳೆಯನ್ನೂ ನೋಡಿದ.

“ನೀನೇ ಹೇಳು, ಎಷ್ಟು ವರ್ಷ ಅಂತ ಒಬ್ಬನೇ ಎಳೀಲಿ? ಅಲ್ಲಿ ಬೆಳಕಿದೆ, ಒಳ್ಳೇ ಕುರ್ಚಿ ಇದೆ. ಬೋರ್ಡಿನ ಮೇಲೆ ಮೂವರ ಹೆಸರೂ ಬರೆಸ್ತಾರಂತೆ. ಮನುಷ್ಯನಿಗೆ ಒಂದು ಸಲವಾದ್ರೂ ಗೆದ್ದು ನೋಡ್ಬೇಕು ಅನ್ಸುತ್ತೆ.” ಚೀಲ ಹೆಗಲಿಗೇರಿಸಿ, ಬೀಗದ ಕೈಯನ್ನು ಕಾಜಾ ಮಾಸ್ಟರನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. “ಅಂಗಡಿ ನೀನೇ ನಡೆಸು. ನಿನ್ನಂಥ ನಿಯತ್ತಿನವನ ಕೈಗೆ ಕೊಟ್ಟೆ ಅನ್ನೋ ತೃಪ್ತಿ ನನಗಿರ್ಲಿ.”

ಅವರು ರಸ್ತೆ ದಾಟಿ ಮೂರು ಮಹಡಿಯ ಬೆಳಕಿನೊಳಗೆ ಮರೆಯಾಗುವುದನ್ನು ಕಾಜಾ ಮಾಸ್ಟರ್ ನಿಂತು ನೋಡಿದ. ಆಮೇಲೆ ತನ್ನ ಮೂಲೆಗೆ ಹೋಗಿ ಕೂತ. ಹೊಲಿದಿದ್ದ ಕೋಟುಗಳಿಗೆ ಉಳಿದಿದ್ದ ಕಾಜಾ ಎಲ್ಲ ಮುಗಿಸಿದ. ಪಕ್ಕದಲ್ಲಿ ಕತ್ತರಿಸದ ಬಟ್ಟೆಯ ಥಾನುಗಳು ಗುಡ್ಡದ ಹಾಗೆ ಬಿದ್ದಿದ್ದವು. ಕತ್ತರಿಸಲು ಅವನಿಗೆ ಬರುತ್ತಿರಲಿಲ್ಲ. ಕತ್ತರಿಸಿದರೂ ಜೋಡಿಸಿ ಹೊಲಿಯಲು ಬರುತ್ತಿರಲಿಲ್ಲ. ಇಡೀ ಅಂಗಡಿ ಅವನದು. ಆದರೆ ಕಾಜಾ ಮಾಡಲು ಒಂದು ಅಂಗಿಯೂ ಇರಲಿಲ್ಲ.

ಕೊನೆಗೆ ಎದ್ದ. ಬಾಗಿಲಿಗೆ ಬೀಗ ಹಾಕಿದ. ಮರ್ಯಾದೆಯನ್ನು ಎರಡು ಸಲ ನುಂಗಿಕೊಂಡು ರಸ್ತೆ ದಾಟಿದ.

ಮೂರು ಮಹಡಿಯ ಗಾಜಿನ ಬಾಗಿಲು ತಳ್ಳಿದಾಗ ಒಳಗೆ ಮೂವರೂ ಹೊಸ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಕಟಿಂಗ್ ಮಾಸ್ಟರನ ಕತ್ತರಿ ಅರ್ಧದಲ್ಲೇ ನಿಂತಿತು. ಕೋಟು ಮಾಸ್ಟರ್ ಮುಖ ಬೇರೆ ಕಡೆ ತಿರುಗಿಸಿದ.

“ಇಲ್ಲಿ… ಗುಂಡಿ ಹೊಲಿಯೋಕಾದ್ರೂ ಯಾರಾದ್ರೂ ಬೇಕಾ ಅಂತ…” ಕಾಜಾ ಮಾಸ್ಟರ್ ಬಾಗಿಲಲ್ಲೇ ನಿಂತು ಕೇಳಿದ.

ಓನರ್ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಕನ್ನಡಕ ತೆಗೆದರು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆ ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

“ಛೇ! ನೀನೂನಾ?” ಎಂದರು. “ಊರಲ್ಲಿ ನಿಯತ್ತಿನವನು ಅಂತ ಇದ್ದೋನು ನೀನೊಬ್ಬ. ನಿನ್ನನ್ನ ನಂಬಿ ಅಂಗಡಿ ಬಿಟ್ಟು ಬಂದ್ನಲ್ಲೋ!”