ಬಿಡಿಬಿಡಿಯಾಗಿ ಬರುವ ಚೀಲ

...ಅಥವಾ ಅದು ಶನಿವಾರವೇ ಆಗಿರಲಿಕ್ಕಿಲ್ಲ. ಶನಿವಾರ, ಶನಿವಾರ ಎಂದು ನಾನು ಹೇಳಿ ಹೇಳಿ ಈಗ ಅದು ಶನಿವಾರವಾಗಿಬಿಟ್ಟಿದೆ. ನನ್ನ ನೆನಪು ನಮ್ಮ ಜೋಗುಪಾಳ್ಯದ ವಠಾರದ ನಲ್ಲಿಯ ಹಾಗೆ: ನೀರು ಬರದ ಹೊತ್ತಿನಲ್ಲೇ ಹೆಚ್ಚು ಸದ್ದು ಮಾಡುತ್ತದೆ. ಹಲಸೂರು ಕೆರೆಯ ದಂಡೆಯಲ್ಲಿ ಬೆನ್ನಿಗೊಂದು ಚೀಲ ಬಿಗಿದು, ಕೈಯಲ್ಲಿ ಗಾಳ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ ಎಂದು ನನಗೆ ಚೆನ್ನಾಗಿ ನೆನಪಿದೆ. ನೀವು ಕೂತಿರಲೇ ಇಲ್ಲ, ಪ್ಯಾಂಟು ಕೊಳೆಯಾಗುತ್ತದೆ ಅಂತ ನಿಂತೇ ಇದ್ದಿರಿ ಎನ್ನುತ್ತಾಳೆ ನನ್ನ ಹೆಂಡತಿ ಶಶಿ. ಅವಳು ಅಲ್ಲಿಗೆ ಬಂದೇ ಇರಲಿಲ್ಲ. ಆದರೂ ಈಚೆಗೆ ನನಗೆ ನಿಂತಿದ್ದ ಹಾಗೆಯೇ ನೆನಪಾಗುತ್ತಿದೆ. ಇಪ್ಪತ್ತು ವರ್ಷ ಸಂಸಾರ ಮಾಡಿದರೆ ನೆನಪುಗಳೂ ಹೆಂಡತಿಯ ಮಾತು ಕೇಳತೊಡಗುತ್ತವೆ.

ಹೊಟ್ಟೆಪಾಡಿಗೆ ನಾನು ಮೀನು ಹಿಡಿಯುವವನಲ್ಲ. ಶಿವಾಜಿನಗರದ ಒಂದು ಮಹಡಿಯ ಮೇಲಿದ್ದ ಚೀಲದ ಕಾರ್ಖಾನೆಯಲ್ಲಿ ಸ್ಯಾಂಪಲ್ ಸೆಕ್ಷನ್ನಿನಲ್ಲಿದ್ದೆ. ಸ್ಯಾಂಪಲ್ ಸೆಕ್ಷನ್ ಎಂದರೆ ಒಂದು ಮೇಜು, ಒಂದು ಕತ್ತರಿ ಮತ್ತು ನಾನು. ಹಲಸೂರಿನಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳದಿದ್ದ, ಮೊಬೈಲ್ ಇದ್ದವರು ಅದನ್ನು ಅಂಗಿಯ ಜೇಬಿನಿಂದ ಇಣುಕುವಂತೆ ಇಟ್ಟುಕೊಳ್ಳುತ್ತಿದ್ದ ಕಾಲ. ಆಗ ಡೆನ್ಮಾರ್ಕಿನಿಂದಲೋ ಫಿನ್ಲೆಂಡಿನಿಂದಲೋ, ಅಂತೂ ಸೂರ್ಯ ಮನಸ್ಸಿದ್ದಾಗ ಮಾತ್ರ ಹುಟ್ಟುವ ಯಾವುದೋ ದೇಶದಿಂದ, ಹೀಗೊಂದು ಚೀಲ ಮಾಡಿಕೊಡುತ್ತೀರಾ ಎಂದು ಒಂದು ವಿಚಾರಣೆ ಬಂತು. ಮೀನು ಹಿಡಿಯುವವರಿಗೆ, ಕಾಡುಮೇಡು ಅಲೆಯುವವರಿಗೆ ಬೇಕಾದ ಬೆನ್ನುಚೀಲ. ಅದು ಒಂದು ಚೀಲವಲ್ಲ, ಚೀಲಗಳ ಅವಿಭಕ್ತ ಕುಟುಂಬ. ನಡುವಿನ ದೊಡ್ಡ ಚೀಲಕ್ಕೆ ಒಂದು ಪಕ್ಕದಲ್ಲಿ ಗಾಳದ ಕೋಲು ಇಡುವ ಉದ್ದನೆಯ ಕೊಳವೆ, ಇನ್ನೊಂದು ಪಕ್ಕದಲ್ಲಿ ಹಿಡಿದ ಮೀನು ಕೆಡದಂತೆ ಇಡುವ ಐಸ್ ಚೀಲ, ಎದುರಿಗೆ ಎರೆ ಇಡಲು ಒಳಗೆ ಪುಟ್ಟ ಪುಟ್ಟ ಮನೆಗಳಿರುವ ಡಬ್ಬಿ. ಎಲ್ಲವೂ ಕ್ಲಿಪ್ಪು ಒತ್ತಿದರೆ ಬೇರೆಯಾಗುತ್ತಿದ್ದವು, ಒತ್ತಿದರೆ ಮತ್ತೆ ಕೂಡುತ್ತಿದ್ದವು. ನಮ್ಮ ದೊಡ್ಡಪ್ಪಂದಿರಿಗೆ ಈ ಸೌಲಭ್ಯ ಇದ್ದಿದ್ದರೆ ಎಷ್ಟೋ ವರ್ಷ ಕೋರ್ಟಿಗೆ ಅಲೆಯುವುದು ತಪ್ಪುತ್ತಿತ್ತು.

ಸ್ಯಾಂಪಲ್ ಹೊಲಿದು ಮುಗಿಸಿದೆ. ಅದೊಂದೇ. ಇನ್ನೊಂದು ಹೊಲಿಯಲು ಬಟ್ಟೆ ಇರಲಿಲ್ಲ, ಬಟ್ಟೆಯೂ ಅಲ್ಲಿಂದಲೇ ಬಂದದ್ದು. ಕೊಳ್ಳುವವನ ಷರತ್ತೊಂದಿತ್ತು: ಚೀಲವನ್ನು ನಿಜವಾದ ನೀರಿನ ಪಕ್ಕದಲ್ಲಿ, ನಿಜವಾಗಿ ಗಾಳ ಹಾಕಿ ಪರೀಕ್ಷೆ ಮಾಡಿರಬೇಕು. ಸೋಮವಾರ ಅವನೇ ಬಂದು ನೋಡುತ್ತಾನೆ. ಮಾಲೀಕರಾದ ಇಕ್ಬಾಲ್ ಸಾಬರು ಕಾರ್ಖಾನೆಯ ನಡುವೆ ನಿಂತು, "ನಮ್ಮಲ್ಲಿ ಮೀನು ಹಿಡಿಯೋರು ಯಾರಿದೀರಿ?" ಎಂದು ಕೇಳಿದರು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಮೀನು ತಿನ್ನುವವರು ತುಂಬ ಜನ ಇದ್ದರು. ಹಿಡಿಯುವವರು ಯಾರೂ ಇರಲಿಲ್ಲ.

"ಹಾಗಾದ್ರೆ ಹೊಲಿದೋರೇ ಹೋಗ್ರಿ," ಅಂದರು ಸಾಬರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನೋಡಿ ಮಿಯಾ, ಈ ಆರ್ಡರ್ ಬಂತು ಅಂದ್ರೆ ನಿಮ್ಮ ಸೆಕ್ಷನ್ ಇರತ್ತೆ. ಬರ್ಲಿಲ್ಲ ಅಂದ್ರೆ ವಾಪಸ್ ಸ್ಕೂಲ್ ಬ್ಯಾಗು. ಸ್ಕೂಲ್ ಬ್ಯಾಗಿಗೆ ಸ್ಯಾಂಪಲ್ ಯಾಕೆ? ಮಕ್ಕಳು ಹಾಕ್ಕೊಂಡ್ ಹೋಗ್ತಾವೆ, ಹರ್ಕೊಂಡ್ ಬರ್ತಾವೆ. ಅದೇ ಟೆಸ್ಟು," ಎಂದರು. ಸೆಕ್ಷನ್ ಎಂದರೆ ನಾನೇ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಸಾಬರು ಸಂಕೋಚದ ಮನುಷ್ಯ.

ಹೀಗೆ ಆ ಶನಿವಾರವೋ ಅಥವಾ ಶನಿವಾರದಂಥ ಇನ್ಯಾವುದೋ ದಿನವೋ ನಾನು ಕೆರೆಗೆ ಹೋದೆ. ಎರೆಹುಳು ಅಗೆಯೋಣವೆಂದರೆ ಜೋಗುಪಾಳ್ಯದಲ್ಲಿ ಸಿಮೆಂಟು ಕಾಣದ ನೆಲವೇ ಇರಲಿಲ್ಲ. ಶಶಿ ಚಪಾತಿಗೆ ಕಲಸಿಟ್ಟಿದ್ದ ಕಣಕದಲ್ಲೇ ಸ್ವಲ್ಪ ಕೇಳಿದೆ. "ನನ್ನ ಚಪಾತಿ ಗಟ್ಟಿ ಅಂತೀರಲ್ಲ, ಮೀನಿಗೆ ಮಾತ್ರ ಆಗತ್ತಾ?" ಎಂದು ಕೇಳಿ ಒಂದು ನಿಂಬೆಹಣ್ಣಿನಷ್ಟು ಕೊಟ್ಟಳು. ಕೆರೆಯ ಕಾವಲುಗಾರ ನನ್ನ ಬೆನ್ನಿನ ಕೊಳವೆ ನೋಡಿ ಎದ್ದು ನಿಂತು ಸಲಾಮು ಹೊಡೆದ. "ಸರ್ವೇನಾ ಸಾರ್? ರೋಡ್ ಅಗಲ ಮಾಡ್ತಾರಾ?" ಎಂದ. ಮೀನು ಹಿಡಿಯುವುದಕ್ಕೆ ಎಂದೆ. ಕೂಡಲೇ ಕೂತುಬಿಟ್ಟ. "ಅಯ್ಯೋ, ಅದಕ್ಕೆ ಇಷ್ಟು ಸಾಮಾನು ಯಾಕೆ ಸಾರ್? ನಮ್ಮ ಮಾಮ ಒಂದು ದಾರ, ಒಂದು ಬೀಡಿಯಲ್ಲಿ ಹಿಡೀತಿದ್ರು. ಹತ್ತು ನಿಮಿಷ ಕೂತು ಎದ್ದುಬಿಡಿ, ನಾನು ನೋಡ್ಲಿಲ್ಲ," ಎಂದು ಬೆನ್ನು ತಿರುಗಿಸಿದ. ಅಂದರೆ ಕೂತಿದ್ದೆ. ಶಶಿಗೆ ಇದನ್ನು ಓದಿ ಹೇಳಬೇಕು.

ಕೆರೆಗೆ ಗಣೇಶನನ್ನು ಬಿಟ್ಟು ಕೆಲವೇ ದಿನಗಳಾಗಿದ್ದವು. ದಾರ ಬಿಗಿಯಾಯಿತು, ಎಳೆದೆ. ಬಂದದ್ದು ಒಂದು ಜರಿ ಅಂಚಿನ ಶಲ್ಯ. ಗಣಪತಿಯ ಶಲ್ಯವನ್ನು ಕೆರೆಯಿಂದ ಎಳೆದು ಅವನನ್ನು ಬರಿಮೈ ಮಾಡಿದವನು ಆ ವರ್ಷ ಇಡೀ ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಕೈಮುಗಿದು ಮತ್ತೆ ನೀರಿಗೆ ಬಿಟ್ಟೆ. ಎರಡನೇ ಸಲ ಎಳೆದಾಗಲೂ ಅದೇ ಬಂತು. ಸ್ವಾಮಿಗೆ ನನ್ನ ಚೀಲ ಇಷ್ಟವಾಗಿದೆ ಎಂದುಕೊಂಡು ಪರೀಕ್ಷೆ ಮುಗಿಸಿದೆ.

ಚೀಲಕ್ಕೆ ಕೆರೆಯ ವಾಸನೆ ಹತ್ತಿತ್ತು. ಮನೆಗೆ ಬಂದು ಬಿಚ್ಚಿ, ತೊಳೆದು, ವಠಾರದ ನಡುವಿನ ಹಗ್ಗಕ್ಕೆ ಒಂದೊಂದನ್ನೇ ನೇತುಹಾಕಿದೆ. ಎದುರು ಕೋಣೆಯ ಶರಣಮ್ಮ ಬಂದರು. ಅವರು ರಾಯಚೂರಿನ ಕಡೆಯವರು. ಗಂಡ ಬಸವರಾಜ ಇಂದಿರಾನಗರದ ಹೊಸ ಮನೆಗಳಿಗೆ ನೆಲದ ಟೈಲ್ಸ್ ಹಾಕುತ್ತಿದ್ದ. "ಏನ್ರೀ ಅಣ್ಣಾರ, ಚೀಲಾನ ಕೊಯ್ದು ಪಾಲು ಮಾಡೀರೇನು?" ಅಂದರು. ಅಷ್ಟರಲ್ಲಿ ವಠಾರದ ಒಡತಿ ಮುನಿಯಮ್ಮನವರೂ ಬಂದರು. ಈಗ ಬೀದಿಗಳಾಗಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ನನಗೆ ಹುಮ್ಮಸ್ಸು ಬಂತು. ನನ್ನ ಚೀಲದ ಬಗ್ಗೆ ಯಾರಾದರೂ ಕೇಳಿದ್ದೇ ಅದು ಮೊದಲು. ಕ್ಲಿಪ್ಪು ಒತ್ತಿ ತೋರಿಸುತ್ತ, ಕೊಳ್ಳುವವನ ಕಾಗದದಲ್ಲಿದ್ದ ಮಾತನ್ನೇ ಕನ್ನಡದಲ್ಲಿ ಹೇಳಿದೆ: "ಇದು ಬಿಡಿಬಿಡಿಯಾಗಿ ಬರತ್ತೆ. ಒಬ್ಬೊಬ್ಬರೂ ಅವರವರಿಗೆ ಯಾವುದು ಬೇಕೋ ಅದನ್ನ ಮಾತ್ರ ತಗೊಂಡು ಹೋಗಬಹುದು."

ವಠಾರದಲ್ಲಿ ಬಾಳಿದವರಿಗೆ ಗೊತ್ತಿರುತ್ತದೆ, ಇಂಥ ಮಾತನ್ನು ವಿವರಣೆ ಎಂದು ಯಾರೂ ತಿಳಿಯುವುದಿಲ್ಲ. ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಾಗ ಹಗ್ಗದ ಮೇಲೆ ನಡುವಿನ ದೊಡ್ಡ ಚೀಲ ಒಂದೇ, ಮಕ್ಕಳೆಲ್ಲ ಬೇರೆಯಾದ ಯಜಮಾನನ ಹಾಗೆ ತೂಗಾಡುತ್ತಿತ್ತು. ಐಸ್ ಚೀಲ ಮುನಿಯಮ್ಮನವರ ಜೊತೆ, ಅವರ ತವರಿನವರ ದೇವರ ಊಟಕ್ಕೆಂದು ಕೆ.ಆರ್. ಪುರದ ಬಸ್ಸು ಹತ್ತಿತ್ತು. ಕೊಳವೆಯಲ್ಲಿ ಬಸವರಾಜ ನೆಲ ಸಮವಿದೆಯೇ ಎಂದು ನೋಡುವ ತನ್ನ ರಸಮಟ್ಟದ ಕೋಲು ಇಟ್ಟುಕೊಂಡು ಕೆಲಸಕ್ಕೆ ಹೋಗಿದ್ದ. ಎರೆಯ ಡಬ್ಬಿ ಎಲ್ಲಿ ಎಂದು ಹುಡುಕುತ್ತ ಅಡುಗೆಮನೆಗೆ ಹೋದರೆ, ಅದರ ಒಂದು ಮನೆಯಲ್ಲಿ ಸಾಸಿವೆ, ಇನ್ನೊಂದರಲ್ಲಿ ಜೀರಿಗೆ, ಮೂಲೆಯಲ್ಲಿ ಇಂಗು.

"ಎಲ್ಲರಿಗೂ ಕೊಟ್ಟಿರಿ," ಎಂದಳು ಶಶಿ ಒಗ್ಗರಣೆ ಹಾಕುತ್ತಲೇ. "ಮನೇಲಿರೋಳು ಏನು ಪಾಪ ಮಾಡಿದ್ಲು?"

ಭಾನುವಾರ ಸಂಜೆ ನಾನು ವಸೂಲಿಗೆ ಹೊರಟೆ. ಮುನಿಯಮ್ಮನವರು ಆಗಷ್ಟೇ ಬಂದಿದ್ದರು. "ಏನ್ ಚೀಲ ಕಣಪ್ಪ ಅದು! ಐಸ್‌ಗೆ ಅಂತಿದ್ದೆಯಲ್ಲ. ಮಟನ್ ಸಾರು ಹಾಕ್ಕೊಂಡ್ ಬಂದೆ, ಇಲ್ಲಿಗೆ ಬಂದ್ರೂ ಹೊಗೆ ಆಡ್ತಿತ್ತು," ಅಂದರು. ಸಂತೋಷ, ಈಗ ಕೊಡಿ ಎಂದೆ. "ಖಾಲಿ ಕೊಡ್ಲಾ?" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಖಾಲಿಯೇ ಬೇಕು ಎಂದೆ. ಆಡಬಾರದ ಮಾತಾಡಿದ್ದೆ. "ತಗೊಂಡ ಪಾತ್ರೆ ಖಾಲಿ ವಾಪಸ್ ಕೊಟ್ಟು ಗೊತ್ತಿಲ್ಲ ನಂಗೆ. ನಮ್ಮನೆಗೂ ಒಳ್ಳೇದಲ್ಲ, ನಿಮ್ಮನೆಗೂ ಒಳ್ಳೇದಲ್ಲ. ಬೆಳಿಗ್ಗೆ ರೊಟ್ಟಿ ತಟ್ಟಿ ಹಾಕ್ಕೊಡ್ತೀನಿ, ಹೋಗು." ಅದು ಪಾತ್ರೆಯಲ್ಲ ಎಂದೆ. "ಸಾರು ಹಾಕ್ಕೊಂಡ್ ಬಂದ ಮೇಲೆ ಪಾತ್ರೆ ಅಲ್ದೆ ಇನ್ನೇನು?" ಎಂದರು. ಎದುರು ಕೋಣೆಯಲ್ಲಿಯೂ ಅದೇ. "ಹಂಗ ಹ್ಯಾಂಗ ಕೊಡಾಕ ಬರ್ತದ್ರೀ ಅಣ್ಣಾರ? ಮುಂಜಾನಿ ಕೊಡ್ತೀನಿ, ಏನರ ಹಾಕಿ," ಎಂದು ಶರಣಮ್ಮ ಕದ ಮುಂದೆ ಮಾಡಿಕೊಂಡರು. ನನ್ನ ಅನ್ನ ಆ ವಠಾರದ ಮೂರು ಮನೆಗಳ ಮರ್ಯಾದೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಸೋಮವಾರ ಬೆಳಿಗ್ಗೆ ಮುನಿಯಮ್ಮನವರ ಕಾವಲಿಯ ಪಕ್ಕ ನಿಂತು, ರಾಗಿರೊಟ್ಟಿ ಬೇಗ ಬೇಯಲಿ ಎಂದು ಗಣಪತಿಯನ್ನು ಬೇಡಿದೆ. ಶಲ್ಯದ ವಿಷಯ ಅವನು ಮರೆತಿರಲಿಲ್ಲವೆಂದು ಕಾಣುತ್ತದೆ, ಸೀಮೆಎಣ್ಣೆ ಮುಗಿದು ಸ್ಟೌ ಆರಿತು. ಮತ್ತೆ ಹೊತ್ತಿಸಿ, ರೊಟ್ಟಿ ಬೆಂದು, ಮೇಲೆ ಹುಚ್ಚೆಳ್ಳು ಚಟ್ನಿ ಬಿದ್ದು, ಐಸ್ ಚೀಲ ಕೈಗೆ ಬಂತು. ಶಶಿ ಸಾಸಿವೆ ಜೀರಿಗೆಯನ್ನು ಒಂದು ತಟ್ಟೆಗೆ ಸುರಿದು, ಮುಖ ಊದಿಸಿಕೊಂಡು ಡಬ್ಬಿ ಕೊಟ್ಟಳು. ಬಾಗಿಲ ಹತ್ತಿರ ಶರಣಮ್ಮ ಓಡಿಬಂದು ಕೊಳವೆ ಕೊಟ್ಟರು. ಭಾರವಾಗಿತ್ತು. "ಈಗ ಮುಚ್ಚಳ ತೆಗಿಬ್ಯಾಡ್ರಿ. ಸಂಜಿಕ ಮನ್ಯಾಗ ಎಲ್ಲಾರೂ ಕುಂತು ತೆಗೀರಿ," ಅಂದರು. ತೆಗೆಯಲು ಪುರುಸೊತ್ತಾದರೂ ಎಲ್ಲಿತ್ತು? ಬಸ್ಸಿನಲ್ಲಿ ನಿಂತೇ ಕ್ಲಿಪ್ಪುಗಳನ್ನು ಒತ್ತಿ ಕುಟುಂಬವನ್ನು ಒಂದು ಮಾಡಿದೆ. ಕಾರ್ಖಾನೆಗೆ ಹೋಗಿ ಎಲ್ಲ ಖಾಲಿ ಮಾಡಿದರಾಯಿತು ಎಂದುಕೊಂಡು ಮೆಟ್ಟಿಲು ಹತ್ತಿದರೆ, ಕೊಳ್ಳುವವನು ಆಗಲೇ ಬಂದು ಕೂತಿದ್ದ. ಇಕ್ಬಾಲ್ ಸಾಬರು ನನ್ನ ಹೆಗಲಿನಿಂದ ಚೀಲವನ್ನು ಹೆಚ್ಚುಕಡಿಮೆ ಕಿತ್ತುಕೊಂಡರು.

ಎತ್ತರದ, ಬಿಸಿಲಿಗೆ ಕೆಂಪಾದ ಮನುಷ್ಯ. ಮೊದಲು ಎರೆಯ ಡಬ್ಬಿ ತೆರೆದ. ಮೂಲೆಯಿಂದ ಹತ್ತಾರು ಸಾಸಿವೆ ಮೇಜಿನ ಮೇಲೆ ಉರುಳಿದವು. ಒಂದನ್ನು ಬೆರಳಲ್ಲಿ ಎತ್ತಿ, ಎರೆಯೇ ಎಂಬಂತೆ ನೋಡಿದ. "ಎಸ್ ಸರ್, ಇಂಡಿಯನ್ ಬೇಟ್," ಎಂದರು ಸಾಬರು, ಕಣ್ಣು ಮಿಟುಕಿಸದೆ. ಆಮೇಲೆ ಐಸ್ ಚೀಲಕ್ಕೆ ಕೈ ಹಾಕಿದ. ಚಟ್ಟನೆ ತೆಗೆದ. ಮತ್ತೆ ಹಾಕಿದ. ಬಿಸಿ ರೊಟ್ಟಿ ಹೊರಗೆ ಬಂತು. ಹುಚ್ಚೆಳ್ಳಿನ ವಾಸನೆ ಕೋಣೆ ತುಂಬಿತು. ಸಾಬರು ನನ್ನತ್ತ ನೋಡಿದ ನೋಟದಲ್ಲಿ ಸ್ಕೂಲ್ ಬ್ಯಾಗುಗಳು ಸಾಲುಸಾಲಾಗಿ ಕಂಡವು. ಆದರೆ ಬಾಯಲ್ಲಿ, "ಫುಲ್ ಟೆಸ್ಟಿಂಗ್ ಸರ್. ಕೋಲ್ಡ್ ಅಂಡ್ ಹಾಟ್," ಎಂದರು.

ಅವನು ಆ ರೊಟ್ಟಿ ತಿಂದ ಎಂದು ನಾನು ಇಷ್ಟು ವರ್ಷವೂ ಹೇಳುತ್ತ ಬಂದಿದ್ದೇನೆ. ತಿಂದು ತಲೆದೂಗಿದ ಎಂದೂ ಸೇರಿಸುತ್ತೇನೆ. ರೊಟ್ಟಿ ತಿಂದವನು ತಾನೇ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ ಎನ್ನುತ್ತಾರೆ ಸಾಬರು. ತಲೆದೂಗಿದ ಪರದೇಶಿ ಕಥೆಗೆ ಬಹಳ ಚೆನ್ನಾಗಿ ಒಪ್ಪುತ್ತಾನೆ, ಅದಕ್ಕೇ ನನಗೆ ಅವನ ಮೇಲೆ ಅನುಮಾನ. ಕೊಳವೆಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಅದನ್ನು ಎತ್ತಿ ಅಲ್ಲಾಡಿಸಿದ. ಒಳಗೆ ಏನೋ ಮೆಲ್ಲಗೆ ಸರಿಯಿತು. "ರಾಡ್?" ಎಂದ. "ಎಸ್," ಎಂದೆ. ಗಾಳದ ಕೋಲು ನಮ್ಮ ಮನೆಯ ಬಾಗಿಲ ಮೂಲೆಯಲ್ಲಿತ್ತು. ಅವನು ಮುಚ್ಚಳ ತೆಗೆಯಲಿಲ್ಲ. ಇಡೀ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಊರಿಗೆ ಒಯ್ದು ನೋಡಿ ತಿಳಿಸುತ್ತೇನೆ ಎಂದು ಹೊರಟೇಹೋದ.

ಸಂಜೆ ಶರಣಮ್ಮ ನನ್ನ ದಾರಿಯನ್ನೇ ಕಾಯುತ್ತಿದ್ದರು. "ತೆಗದ್ರೇನ್ರೀ? ಹ್ಯಾಂಗದ?" ಬೆಳಿಗ್ಗೆಯಿಂದ ಸುಳ್ಳು ಹೇಳಿ ನಾಲಿಗೆ ಪಳಗಿತ್ತು. "ಭಾಳ ರುಚಿ ಇತ್ತು. ಎಲ್ಲಾರೂ ತಿಂದ್ವಿ," ಎಂದೆ. ಶರಣಮ್ಮ ನನ್ನ ಮುಖವನ್ನೇ ನೋಡುತ್ತ ನಿಂತರು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೋಣೆಯಿಂದ ಬಸವರಾಜನ ದನಿ ಕೇಳಿತು: "ತಿಂದ್ರಾ?"

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಮೀನಿನ ಚೀಲಕ್ಕೆ ಆರ್ಡರ್ ಇಲ್ಲ. ಆ ಐಸ್ ಚೀಲ ಒಂದೇ ಬೇಕು, ರಾಶಿ ರಾಶಿ ಬೇಕು, ಬಿಸಿಯನ್ನೂ ಹಿಡಿಯುತ್ತದೆ ಎಂದು ಮೇಲೆ ಅಚ್ಚು ಹಾಕಬೇಕು. ನನ್ನ ಸೆಕ್ಷನ್ ಉಳಿಯಿತು. ಆಮೇಲೆ ಎಷ್ಟೋ ವರ್ಷ ನಾನು ಮುನಿಯಮ್ಮನವರ ಮಟನ್ ಸಾರಿನ ಚೀಲವನ್ನೇ ಕತ್ತರಿಸಿದೆ. ನಾನು ಸುಳ್ಳು ಹೇಳಿದ ಆ ಸಂಜೆಯಿಂದ ಶರಣಮ್ಮನ ಮನೆಯಿಂದ ನಮಗೆ ತಿನ್ನಲು ಏನೇ ಬಂದರೂ, "ಇದು ತಿನ್ನೂದ್ರೀ ಅಣ್ಣಾರ," ಎಂದು ಬಿಡಿಸಿ ಹೇಳಿ ಕೊಡುತ್ತಿದ್ದರು.

ಸ್ಯಾಂಪಲ್ ಚೀಲವೂ ಪಾರ್ಸಲಿನಲ್ಲಿ ವಾಪಸು ಬಂದಿತ್ತು. ಮನೆಗೆ ತಂದು ಎಲ್ಲರ ಎದುರಿಗೆ ಕೊಳವೆಯ ಮುಚ್ಚಳ ತೆಗೆದೆ. ಒಳಗೆ, ತೇವ ಹೀರಲೆಂದು ಹೊಸ ಸಾಮಾನಿನ ಜೊತೆ ಇಡುತ್ತಾರಲ್ಲ, ತಿನ್ನಬಾರದು ಎಂದು ಬರೆದಿರುವ ಆ ಪುಟ್ಟ ಪೊಟ್ಟಣ ಮಾತ್ರ. ಮುನಿಯಮ್ಮನವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, "ಪರವಾಗಿಲ್ಲ, ಖಾಲಿ ಕಳ್ಸಿಲ್ಲ. ಮನೆತನಸ್ಥರು," ಎಂದರು. ಶರಣಮ್ಮ ಮಾತ್ರ ನನ್ನ ಕಡೆ ತಿರುಗಿ, "ಇದನ್ನೂ ತಿಂದೀರಿ ಮತ್ತ, ಜ್ವಾಕಿ," ಅಂದರು.

ಆಗಲಾದರೂ ಕೇಳಬಹುದಿತ್ತು. ರುಚಿಯಾಗಿತ್ತು ಎಂದು ಒಮ್ಮೆ ಹೇಳಿದ ಮೇಲೆ ಅದು ಏನು ಎಂದು ಕೇಳುವುದು ಹೇಗೆ? ಬಸವರಾಜನ ಕೆಲಸ ದೂರವಾಗಿ ಅವರು ಹೊಸ ತಿಪ್ಪಸಂದ್ರಕ್ಕೆ ಮನೆ ಬದಲಾಯಿಸಿದರು. ಅಲ್ಲಿನ ಮಾರ್ಕೆಟ್ ರಸ್ತೆಯಲ್ಲಿ ಎರಡು ಸಲ ಅವರನ್ನು ಕಂಡೆ, ಎರಡು ಸಲವೂ ಟೊಮೆಟೊ ಬಗ್ಗೆ ಮಾತಾಡಿ ಬಂದೆ. ಶಶಿಯ ಪ್ರಕಾರ ಶರಣಮ್ಮ ಹಾಕಿಕೊಟ್ಟದ್ದು ಅರಿಶಿನದ ಕೊಂಬು. ಅವಳು ಅದನ್ನು ನೋಡಿಲ್ಲ, ಆದರೂ ಈಚೆಗೆ ನನಗೂ ಅರಿಶಿನದ ವಾಸನೆ ಬಂದಿದ್ದ ಹಾಗೆ ನೆನಪಾಗುತ್ತಿದೆ. ನಂಬಬೇಡಿ. ಆ ಕೊಳವೆಯೊಳಗೆ ಏನಿತ್ತೋ ನನಗೆ ಗೊತ್ತಿಲ್ಲ.