ಅಲ್ಲಾಡದ ಕಂಪ್ಯೂಟರ್

ಕೈಗೆತ್ತಿಕೊಂಡು ಹೋಗಬಹುದಾದ ಯಾವ ವಸ್ತುವೂ ನಮ್ಮ ಮನೆಯಲ್ಲಿ ನನ್ನದಾಗಿ ಉಳಿದಿಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. ಸಂಸಾರಸ್ಥರ ಮನೆಯಲ್ಲಿ ಇದೆಲ್ಲ ಮಾಮೂಲು. ನನ್ನ ಕೊಡೆ ಒಂದು ಮಳೆಗಾಲದಲ್ಲಿ ನಮ್ಮ ಯಜಮಾನರ ಜೊತೆ ಅವರ ಕರೆಂಟ್ ಆಫೀಸಿಗೆ ಹೋದದ್ದು ಅಲ್ಲೇ ನೌಕರಿಗೆ ಸೇರಿಕೊಂಡಿತು. ಓದುವ ಕನ್ನಡಕವನ್ನು ನಮ್ಮತ್ತೆ ಅಕ್ಕಿಯಲ್ಲಿ ಕಲ್ಲು ಆರಿಸಲೆಂದು ತೆಗೆದುಕೊಂಡರು. ಅವರಿಗೆ ಅಕ್ಷರ ಬರದಿದ್ದರೂ ಕನ್ನಡಕ ನನಗಿಂತ ಅವರಿಗೇ ಚೆನ್ನಾಗಿ ಒಪ್ಪುತ್ತದೆ ಎಂದು ನೋಡಿದವರೆಲ್ಲ ಹೇಳಿದ್ದರಿಂದ ನಾನು ಬೇರೆ ಮಾಡಿಸಿಕೊಂಡೆ. ಫೋನ್ ಮಾತ್ರ ನನ್ನದೇ. ಆದರೆ ಅದಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಕಲ್ಯ ಎಂಬ ಹಳ್ಳಿಯಲ್ಲಿರುವ ಅತ್ತೆಯ ತಂಗಿಯವು. ನಾನು ಎತ್ತಿದರೆ ಆಕೆ, "ನೀನಾ? ಅಕ್ಕಂಗೆ ಕೊಡು" ಎನ್ನುತ್ತಾರೆ.

ನಾನು ಮಾಗಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಪ್ರಶ್ನೆಪತ್ರಿಕೆಗಳನ್ನು ಕೈಯಲ್ಲಿ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸುತ್ತಿದ್ದೆ. ಅಂಗಡಿಯವರು ಒಳ್ಳೆಯವರು, ಮಹಾಪ್ರಾಣದ ವಿಷಯದಲ್ಲಿ ಮಾತ್ರ ಸ್ವಲ್ಪ ಜಿಪುಣರು. ಒಂದು ಪರೀಕ್ಷೆಯಲ್ಲಿ ನನ್ನ "ಸಂಧಿ ಬಿಡಿಸಿ ಬರೆಯಿರಿ" ಎಂಬುದು "ಸಂದಿ ಬಿಡಿಸಿ ಬರೆಯಿರಿ" ಎಂದಾಗಿತ್ತು. ಒಬ್ಬ ಹುಡುಗಿ ಎದ್ದುನಿಂತು ಬಹಳ ವಿನಯದಿಂದ, "ಯಾವ ಸಂದಿ ಮಿಸ್, ನಮ್ ಮನೆ ಪಕ್ಕದ್ದಾ?" ಎಂದು ಕೇಳಿದಳು. ಆವತ್ತೇ ನಾನು ಮನಸ್ಸು ಮಾಡಿದೆ. ನನ್ನ ಮಹಾಪ್ರಾಣಗಳನ್ನು ಇನ್ನು ನಾನೇ ಕಾಯಬೇಕು; ಮನೆಗೊಂದು ಕಂಪ್ಯೂಟರ್ ಬೇಕು.

ಯಜಮಾನರು ಸಂತೋಷದಿಂದಲೇ ಒಪ್ಪಿದರು. "ಲ್ಯಾಪ್‌ಟಾಪೇ ತಗೊ. ಮಂಚದ ಮೇಲೂ ಇಟ್ಕೊಬೌದು, ಬೇಕಂದ್ರೆ ಆಫೀಸ್‌ಗೂ ತಗಂಡೋಗ್ಬೌದು" ಎಂದರು. ಯಾರ ಆಫೀಸಿಗೆ ಎಂದು ನಾನು ಕೇಳಲಿಲ್ಲ. ಕೊಡೆಯ ನೆನಪಾಯಿತು. ಅಲ್ಲೇ ನಿಂತ ನಿಲುವಿನಲ್ಲಿ ಡೆಸ್ಕ್‌ಟಾಪ್ ಎಂದು ತೀರ್ಮಾನಿಸಿದೆ. ಮೇಜಿನ ಮೇಲೆ ಕೂತರೆ ಏಳಬಾರದು, ಹತ್ತು ವೈರುಗಳಲ್ಲಿ ಕಟ್ಟಿಹಾಕಿದ ಎಮ್ಮೆಯ ಹಾಗೆ ಇರಬೇಕು, ಯಾರೂ ಬಗಲಲ್ಲಿ ಇಟ್ಟುಕೊಂಡು ಹೊರಡುವಂತಿರಬಾರದು. ಜೊತೆಗೆ ಅದು ಅಗ್ಗ ಬೇರೆ. ಅಗ್ಗ ಎಂಬುದನ್ನು ಹೊರಗೆ ಹೇಳಿದೆ, ಎಮ್ಮೆಯ ವಿಷಯವನ್ನು ಒಳಗೇ ಇಟ್ಟುಕೊಂಡೆ.

ಒಂದು ಭಾನುವಾರ ಇಬ್ಬರೂ ರಾಮನಗರಕ್ಕೆ ಹೋದೆವು. ಅಲ್ಲಿ ಬಿಡಿಭಾಗಗಳನ್ನು ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ನಯಾಜ್ ಎಂಬವರ ಅಂಗಡಿಯಿದೆ. ಅವರ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು. ಇವರೊಬ್ಬರು ವೈರಿನ ಕಡೆ ಬಂದವರು. "ಏನಕ್ಕೆ ಬೇಕು ಮೇಡಂ?" ಎಂದು ಕೇಳಿದರು. ಬಸ್ಸಿನಲ್ಲೆಲ್ಲ ಈ ಪ್ರಶ್ನೆಗೆ ತಯಾರಾಗಿ ಬಂದಿದ್ದ ನಾನು ಗಂಭೀರವಾಗಿ, "ದಿನಬಳಕೆಗೆ" ಎಂದೆ. ಬಾಯಿಂದ ಹೊರಬಂದ ಮೇಲೆ ಅದು ಸೋಪು ಕೊಳ್ಳಲು ಬಂದವಳ ಮಾತಿನ ಹಾಗೆ ಕೇಳಿಸಿತು. ನಯಾಜ್ ನಗಲಿಲ್ಲ. "ಟೈಪಿಂಗು, ಇಂಟರ್‌ನೆಟ್ಟು, ಒಸಿ ವಿಡಿಯೋ. ಅಷ್ಟೇ ಅಲ್ವಾ? ಹಂಗಾದ್ರೆ ಸಾದಾದು ಸಾಕು. ಹಾರ್ಡ್ ಡಿಸ್ಕ್ ಬ್ಯಾಡ, ಎಸ್‌ಎಸ್‌ಡಿ ಹಾಕ್ಸಿ, ಬೇಗ ಓಪನ್ ಆಯ್ತದೆ" ಎಂದರು.

ಅಷ್ಟರಲ್ಲಿ ನಮ್ಮ ಯಜಮಾನರು ಕಾಣೆಯಾಗಿದ್ದರು. ನೋಡಿದರೆ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ದೊಡ್ಡ ಕ್ಯಾಬಿನೆಟ್ ಮುಂದೆ ಕೈಕಟ್ಟಿ ನಿಂತಿದ್ದಾರೆ. ಅದರೊಳಗೆ ಫ್ಯಾನುಗಳು ಕೆಂಪು, ಹಸಿರು, ನೀಲಿ ಬೆಳಕು ಚೆಲ್ಲುತ್ತ ತಿರುಗುತ್ತಿದ್ದವು. "ಇದುನ್ನೇ ತಗಳಾಣ ಕಣೆ. ನೋಡು, ಹೆಂಗೈತೆ" ಎಂದರು, ವಧುಪರೀಕ್ಷೆಯಲ್ಲೂ ನನ್ನನ್ನು ಹಾಗೆ ನೋಡಿರದ ಕಣ್ಣುಗಳಲ್ಲಿ. "ಅದು ಗೇಮ್ ಆಡೋರಿಗೆ ಸಾರ್" ಎಂದರು ನಯಾಜ್. ನಾನು, "ಪ್ರಶ್ನೆಪತ್ರಿಕೆಗೆ ಸೀರಿಯಲ್ ಸೆಟ್ ಬೇಡ" ಎಂದೆ. ಆ ಮಾತು ನನಗೇ ಬಹಳ ಹಿಡಿಸಿತು. ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನು ಹಲವು ಸಲ ಹೇಳಿದೆ.

ಅಗ್ಗದ ಕಂಪ್ಯೂಟರಿನ ಗುಣ ಒಂದೊಂದಾಗಿ ತಿಳಿಯುತ್ತದೆ. ಕ್ಯಾಮೆರಾ ಇದೆಯಾ ಎಂದು ಕೇಳಿದೆ. ಅದು ಬೇರೆ ಎಂದರು. ಸ್ಪೀಕರ್? ಅದೂ ಬೇರೆ. ವೈಫೈ? ಅದಕ್ಕೂ ಉಗುರಿನಷ್ಟು ಗಾತ್ರದ ಒಂದು ವಸ್ತು ಬೇರೆಯಾಗಿ ಸಿಕ್ಕಿಸಬೇಕು. "ಕಣ್ಣಿಲ್ಲ, ಬಾಯಿಲ್ಲ, ಕಿವೀನೂ ಇಲ್ಲ. ಒಳ್ಳೆ ಸಂಬಂಧ ಹುಡುಕ್ದೆ" ಎಂದು ಯಜಮಾನರು ಸೇಡು ತೀರಿಸಿಕೊಂಡರು. ನಾನು ಬಗ್ಗಲಿಲ್ಲ. ವೈಫೈ ಮತ್ತು ಸ್ಪೀಕರ್ ಕೊಂಡು ಕ್ಯಾಮೆರಾ ಬಿಟ್ಟೆ. ನನ್ನ ಮುಖವನ್ನು ಶಾಲೆಯಲ್ಲಿ ದಿನವೂ ಸಾಕಷ್ಟು ಜನ ನೋಡುತ್ತಾರೆ.

ಮಾಗಡಿ ಬಸ್ಸಿನಲ್ಲಿ ಸಿಪಿಯು ಪೆಟ್ಟಿಗೆ ಡ್ರೈವರ್ ಪಕ್ಕದಲ್ಲಿ, ಮಾನಿಟರ್ ನನ್ನ ತೊಡೆಯ ಮೇಲೆ ಕೂತವು. ಪೆಟ್ಟಿಗೆಯ ಮೇಲಿನ ಚಿತ್ರ ಎಲ್ಲರಿಗೂ ಕಾಣುವ ಹಾಗೆ ಅದನ್ನು ಸ್ವಲ್ಪ ತಿರುಗಿಸಿಕೊಂಡೆ. ಸಾವನದುರ್ಗದ ಕಡೆ ಇಳಿಯಬೇಕಾಗಿದ್ದ ಒಬ್ಬ ಹೆಂಗಸು, "ಟಿವಿಯೇನವ್ವ?" ಎಂದು ಕೇಳಿದರು. "ಅಲ್ಲ, ಕಂಪ್ಯೂಟರ್. ನನ್ನದೇ" ಎಂದೆ, ಮುಂದಿನ ಪ್ರಶ್ನೆಗಾಗಿ ಕಾಯುತ್ತ. ಅವರು, "ಹಂಗಾರೆ ಒಸಿ ಅತ್ಲಾಗೆ ಸರುಸ್ಕೊ, ಗಾಳಿ ಬರಾಕಿಲ್ಲ" ಎಂದರು.

ಮನೆಯಲ್ಲಿ ಮೇಜಿನ ಮೇಲಿಟ್ಟು, ವೈರು ಸಿಕ್ಕಿಸಿ, ಅತ್ತೆ ಕುಂಕುಮ ಇಟ್ಟ ಮೇಲೆ ಸ್ವಿಚ್ ಹಾಕಿದೆ. ಬೆಳಕು ಬಂತು. ನಯಾಜ್ ಮೊದಲೇ ಕನ್ನಡ ಹಾಕಿಕೊಟ್ಟಿದ್ದರಿಂದ ಪರದೆ ಕನ್ನಡದಲ್ಲೇ ಮಾತನಾಡಿತು. ಆಮೇಲೆ ಅದು ಒಂದು ಖಾಲಿ ಚೌಕ ತೋರಿಸಿ ಸುಮ್ಮನಾಯಿತು.

"ಏನಂತೆ?" ಎಂದರು ಅತ್ತೆ.

"ಹೆಸರು ಕೇಳ್ತಿದೆ ಅತ್ತೆ. ಯಾರು ಬಳಸ್ತಾರೆ ಅಂತ."

"ಮನೇಗ್ ಬಂದೋರು ಹೆಸ್ರು ಕೇಳುದ್ರೆ ಮೊದ್ಲು ಹಿರೀರದ್ ಹೇಳ್ಬೇಕು ಕಣವ್ವ. ಕೆಂಪಮ್ಮ ಅಂತ ಹೇಳು."

ನಾನು ಯಜಮಾನರ ಮುಖ ನೋಡಿದೆ. ಅವರು ಮುಖವನ್ನು ಫ್ಯಾನಿನ ಕಡೆ ತಿರುಗಿಸಿಕೊಂಡರು. ಅತ್ತೆಗೆ ಕಂಪ್ಯೂಟರಿನ ಮರ್ಮ ವಿವರಿಸುವುದಕ್ಕಿಂತ ಹೆಸರನ್ನು ಆಮೇಲೆ ಬದಲಿಸುವುದು ಸುಲಭ ಎನ್ನಿಸಿ, ಒಂದೊಂದೇ ಅಕ್ಷರ ಹುಡುಕಿ "ಕೆಂಪಮ್ಮ" ಎಂದು ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿ, ನಡುಮಧ್ಯದಲ್ಲಿ ದೊಡ್ಡದಾಗಿ ಅದೇ ಹೆಸರನ್ನು ತೋರಿಸಿತು.

"ಇದೇನಾ ನಾನು?" ಎಂದು ಕೇಳಿದರು ಅತ್ತೆ.

"ಹೂಂ ಅತ್ತೆ. ಇದು ಕೆಂ, ಇದು ಪ, ಇದು ಮ್ಮ."

ರೇಷನ್ ಕಾರ್ಡಿನಲ್ಲಿ, ವೋಟಿನ ಕಾರ್ಡಿನಲ್ಲಿ ಅವರ ಹೆಸರು ಇದ್ದೇ ಇತ್ತು. ಆದರೆ ಅಲ್ಲೆಲ್ಲ ಅದು ಇರುವೆ ಸಾಲಿನಷ್ಟು ಸಣ್ಣದು. ಯಾರೋ ಬೆರಳಿಟ್ಟು ತೋರಿಸಿದ ಕಡೆ ಅವರು ಹೆಬ್ಬೆಟ್ಟು ಒತ್ತಿದ್ದರು, ಅಷ್ಟೆ. ಈಗ ಅವರು ಕನ್ನಡಕ ಸರಿಮಾಡಿಕೊಂಡು, ಕುರ್ಚಿ ಎಳೆದುಕೊಂಡು, ತಮ್ಮ ಹೆಸರಿನ ಎದುರು ಕೂತುಬಿಟ್ಟರು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಕೊನೆಗೆ, "ಚೆಂದಾಗೈತೆ" ಎಂದು ಎದ್ದು ಹೋಗಿ ಮೊರ ಹಿಡಿದರು. ಹೆಸರು ಬದಲಿಸುವ ಮಾತನ್ನು ನಾನು ಆಮೇಲೆ ಎತ್ತಲಿಲ್ಲ.

ಅಂದಿನಿಂದ ಬೆಳಿಗ್ಗೆ ಕಂಪ್ಯೂಟರ್ ಹಚ್ಚುವ ಕೆಲಸ ಅವರದು. ಹೆಸರು ಮೂಡುವವರೆಗೆ ಎದುರಿಗೆ ನಿಂತಿರುತ್ತಾರೆ. ಮೂಡಿದ ಮೇಲೆ, "ಬಾರವ್ವ, ಎದ್ದೈತೆ" ಎಂದು ಕರೆಯುತ್ತಾರೆ. ಕೆಲವೇ ವಾರಗಳಲ್ಲಿ ಆ ಅಕ್ಷರಗಳನ್ನು ತಾವೇ ಒತ್ತಲು ಕಲಿತರು. ಬೀದಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಪಾಠ ಮಾಡಿದವಳು ಮನೆಯೊಳಗಿನ ಒಬ್ಬರಿಗೆ ಅಕ್ಷರ ಕಲಿಸಿದೆನಲ್ಲ ಎಂದು ನನಗೂ ಎದೆ ಉಬ್ಬಿತು. ಬೀದಿಯವರ ಮುಂದೆ ಅತ್ತೆ ಮಾತ್ರ ಕಲಿಸಿದ ಪುಣ್ಯವನ್ನೆಲ್ಲ ಕಂಪ್ಯೂಟರಿಗೇ ಕೊಟ್ಟರು.

ನಾನೂ ಸುಮ್ಮನಿರಲಿಲ್ಲ. ಹತ್ತನೇ ತರಗತಿಗೆ ಒಂದು ಮಾದರಿ ಪ್ರಶ್ನೆಪತ್ರಿಕೆ ಸಿದ್ಧ ಮಾಡಿದೆ. ಒಂದೊಂದು ಸಂಧಿಗೂ ಅದರ ಮಹಾಪ್ರಾಣ ಕೊಟ್ಟೆ. ಹೆಡ್‌ಮಾಸ್ಟರು ಅದನ್ನು ನೋಡಿ ಮೆಚ್ಚಿ, ಜಿಲ್ಲೆಯ ಕನ್ನಡ ಶಿಕ್ಷಕರ ಗ್ರೂಪಿಗೆ ಕಳಿಸಿದರು. ನನ್ನ ಹೆಸರು ಹಾಕಲು ನಾನು ಮರೆತಿದ್ದೆ. ಕಂಪ್ಯೂಟರ್ ಮರೆತಿರಲಿಲ್ಲ, ಫೈಲಿನ ವಿವರದಲ್ಲಿ ಇದನ್ನು ಬರೆದವರು ಯಾರು ಎಂಬ ಕಡೆ ತನಗೆ ಗೊತ್ತಿದ್ದ ಒಂದೇ ಹೆಸರನ್ನು ತಾನೇ ಸೇರಿಸಿತ್ತು.

ಮರುದಿನ ಸಂಜೆ ಅತ್ತೆ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಫೋನ್ ಬಂತು. ಕೋಡಿಹಳ್ಳಿ ಕಡೆಯ ಶಾಲೆಯ ಒಬ್ಬ ಮೇಷ್ಟ್ರು. "ನಿಮ್ಮ ಸ್ಕೂಲಿಗೆ ಫೋನ್ ಮಾಡಿ ಕನ್ನಡ ಮೇಡಂ ನಂಬರ್ ಇಸ್ಕೊಂಡೆ. ಕೆಂಪಮ್ಮ ಮೇಡಂ ಅಲ್ವಾ ಮಾತಾಡ್ತಿರೋದು? ಎಂಥಾ ಪೇಪರ್ ಮೇಡಂ ಅದು. ಒಂದು ತಪ್ಪಿಲ್ಲ. ಇಷ್ಟು ದಿನ ಎಲ್ಲಿದ್ರಿ ನೀವು?"

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಪ್ರಶ್ನೆಪತ್ರಿಕೆಯನ್ನು ಹೊಗಳಲೆಂದೇ ಫೋನ್ ಮಾಡಿದವರು ಯಾರೂ ಇಲ್ಲ. ಅಲ್ಲ ಎಂದರೆ ಅವರು ಕೆಂಪಮ್ಮನನ್ನು ಹುಡುಕಿಕೊಂಡು ಹೋಗುತ್ತಾರೆ. ಹೊಗಳಿಕೆಯೂ ಅವರ ಹಿಂದೆಯೇ ಹೋಗುತ್ತದೆ. ನಾನು ದನಿ ತಗ್ಗಿಸಿ, "ಹೌದು ಸಾರ್, ಕೆಂಪಮ್ಮನೇ. ಹೇಳಿ" ಎಂದೆ. ಅವರು ಹೇಳಿದರು, ಬಹಳ ಹೊತ್ತು ಹೇಳಿದರು. ನಾನು ಪೂರ್ತಿ ಕೇಳಿದೆ.

ಫೋನ್ ಇಟ್ಟಾಗ ಅತ್ತೆ ಅವರೆಕಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ಯಾರವ್ವ ಅದು? ನನ್ನೆಸ್ರು ಕೇಳುಸ್ದಂಗಾಯ್ತಲ್ಲ."

"ರಾಂಗ್ ನಂಬರ್ ಅತ್ತೆ" ಎಂದೆ.