ಕೆಂಪು ಅಂಚಿನ ಕತ್ತಲಲ್ಲಿ ಒಂದು ಪೆನ್ ಟಾರ್ಚಿನ ಪರೀಕ್ಷೆ

ಸೂರ್ಯ ಮುಳುಗಿದ ಮೇಲೆ ಕಬ್ಬಿನ ಹೊಲದಲ್ಲಿ ಕತ್ತಲಾಗುತ್ತದೆ ಎಂಬ ಸಂಗತಿಯನ್ನು ನಮ್ಮ ಮಂಡಳಿಯು ಕಳೆದ ಯುಗಾದಿಯ ನಂತರದ ಸಭೆಯಲ್ಲಿ ಸರ್ವಾನುಮತದಿಂದ ಒಪ್ಪಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿ ಏನಾಗುತ್ತಿತ್ತು ಎಂಬ ಬಗ್ಗೆ ಕಚೇರಿಯಲ್ಲಿ ಮಾಹಿತಿ ಇರುವುದಿಲ್ಲ.

ಮಂಡಳಿ ಎಂದರೆ ಕೃಷ್ಣಾತೀರ ಸಂಯುಕ್ತ ಏತ ನೀರಾವರಿ ಬಳಕೆದಾರರ ಮಂಡಳಿ, ಕಚೇರಿ ಜಮಖಂಡಿ. ನಾನು ಅದರ ಕಾರ್ಯದರ್ಶಿ ಹಾಲೇಶ. ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿಯಲ್ಲಿ ಕುಂತು, "ಒಂದ್ ಬ್ಯಾಟ್ರಿ ಕೊಡಾಕ ಇವ್ರಿಗೆ ವರ್ಷ ಬೇಕೇನಲೇ" ಎಂದು ನಮ್ಮನ್ನು ಆಡಿಕೊಳ್ಳುವ ಕೆಲಸಗೇಡಿಗಳು ಕೆಲವರಿದ್ದಾರೆ. ಟಾರ್ಚಿಗೆ ಬ್ಯಾಟ್ರಿ ಅನ್ನುವವರಿಂದ ಇನ್ನೇನು ನಿರೀಕ್ಷಿಸುವುದು. ಅವರ ಬಾಯಿ ಮುಚ್ಚಿಸುವ ಸಲುವಾಗಿ ನಡೆದದ್ದನ್ನು ನಡೆದ ಹಾಗೆ ನಿವೇದಿಸುತ್ತಿದ್ದೇನೆ. ಆಮೇಲೂ ನಗುವವರು ನಗಲಿ, ಅವರ ಹಲ್ಲು ಅವರದು.

ಹಿಪ್ಪರಗಿ ಕಡೆಯ ಹೊಲಗಳಿಗೆ ನೀರು ಬಿಡುವ ಅಮಸಿದ್ದಪ್ಪ ಎಂಬ ನೌಕರ ನಮ್ಮಲ್ಲಿದ್ದಾನೆ. ಪಂಪಿಗೆ ತ್ರೀ ಫೇಸ್ ಕರೆಂಟ್ ಬರುವುದು ಊರೆಲ್ಲ ಮಲಗಿದ ಮೇಲೆ. ಆಗ ಈತ ಆಳೆತ್ತರದ ಕಬ್ಬಿನೊಳಗೆ ನಡೆದು ಹೋಗಿ, ಗುಂಡಿಯಲ್ಲಿಳಿದು, ವಾಲ್ವಿನ ಚಕ್ರವನ್ನು ಎರಡೂ ಕೈಯಿಂದ ತಿರುವಬೇಕು. ಆ ಗುಂಡಿಯ ತಂಪಿಗೆ ಹಾವುಗಳು ಬಂದು ಮಲಗುತ್ತವೆ. ಅವು ಮಂಡಳಿಯ ಸದಸ್ಯರಲ್ಲವಾದ್ದರಿಂದ ಅವುಗಳ ಮೇಲೆ ನಮ್ಮ ಹಿಡಿತವಿಲ್ಲ.

ಅಮಸಿದ್ದಪ್ಪ ಒಂದು ದಿನ ಕಚೇರಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಸಾಹೇಬ್ರ, ಒಂದ್ ಸಣ್ಣ ಬ್ಯಾಟ್ರಿ ಕೊಡಸ್ರಿ. ಪೆನ್ನಿನಂಗ ಇರ್ತೈತಲ್ರಿ, ಕಿಸೇಕ ಸಿಗಸೂದು. ಹಲ್ಲಾಗ ಹಿಡಕೊಂಡ್ರ ಎರಡೂ ಕೈ ಖುಲ್ಲಾ ಇರ್ತಾವು. ಮೊನ್ನಿ ಪೈಪ್ ಅಂತ ತುಳದೇರಿ, ಪೈಪ್ ತಾನ ಎದ್ದ ಹೋತು."

"ನಿನ್ನ ಸ್ವಂತದ್ದು ತಂದುಕೊಳ್ಳಬಾರದೇನೋ?" ಎಂದು ಯಾರಾದರೂ ಕೇಳಬಹುದು. ಕೇಳುವವರಿಗೆ ನಿಯಮ ಗೊತ್ತಿಲ್ಲ. ಮಂಡಳಿಯ ವಾಲ್ವಿನ ಮೇಲೆ ಖಾಸಗಿ ಬೆಳಕು ಬೀಳತಕ್ಕದ್ದಲ್ಲ. ಹಿಂದೊಮ್ಮೆ ಯಾರೋ ಮೊಬೈಲ್ ಬೆಳಕಿನಲ್ಲಿ ವಾಲ್ವ್ ತಿರುವಿ ತಮ್ಮ ಹೊಲಕ್ಕೆ ನೀರು ಬಿಟ್ಟುಕೊಂಡಿದ್ದರು. ಅವರು ಮಂಡಳಿಯ ನಿರ್ದೇಶಕರೇ ಆಗಿದ್ದುದರಿಂದ ಅವರ ಮೇಲೆ ಕ್ರಮ ಕೈಗೊಳ್ಳದೆ ಬೆಳಕಿನ ಮೇಲೆ ಕ್ರಮ ಕೈಗೊಳ್ಳಲಾಯಿತು. ಖಾಸಗಿ ಬೆಳಕಿನ ಸಮೇತ ಸಿಕ್ಕ ನೌಕರ ಅಂದೇ ಕೆಲಸ ಬಿಟ್ಟು ಮನೆಗೆ ಹೋಗಬೇಕು.

ನಮ್ಮ ಅಧ್ಯಕ್ಷ ಶಂಕರೆಪ್ಪನವರು ಬಲು ಮೆತ್ತನೆಯ ಮನಸ್ಸಿನವರು. ತಾವೇ ಜಮಖಂಡಿ ಪೇಟೆಗೆ ಹೋಗಿ ಒಂದು ಎಲ್‌ಇಡಿ ಪೆನ್ ಟಾರ್ಚ್ ತಂದರು. ಬೆರಳಿನಷ್ಟು ದಪ್ಪ, ಬೆಳ್ಳಗಿನ ಮೈ, ಕಿಸೆಗೆ ಸಿಕ್ಕಿಸಲು ಕೊಕ್ಕೆ, ಹಿಂಬದಿಗೆ ಒತ್ತುವ ಗುಂಡಿ. ಅಮಸಿದ್ದಪ್ಪ ಕೈ ಚಾಚಿದ.

"ತಡಿಯೋ ತಮ್ಮಾ, ಹಂಗ್ಯಾಕ ಗಡಿಬಿಡಿ ಮಾಡ್ತಿ? ದಿನಾ ಬಳಸೂ ವಸ್ತು. ಮೊದಲ ಪಾಸಾಗಲಿ."

ಜಮಖಂಡಿಯವರಷ್ಟೇ ಪಾಸು ಮಾಡಿದರೆ ಮುಧೋಳದವರು ಮುಖ ಊದಿಸುತ್ತಾರೆ. ಮುಧೋಳದವರನ್ನು ಕರೆದರೆ ಬನಹಟ್ಟಿಯವರು ಬಿಡುವುದಿಲ್ಲ. ಆದ್ದರಿಂದ ಅಧ್ಯಕ್ಷರ ಕೈಕೆಳಗೆ ಪೆನ್ ಟಾರ್ಚ್ ಮೌಲ್ಯಮಾಪನ ಉಪಸಮಿತಿ ರಚನೆಯಾಯಿತು. ಮುಧೋಳದಿಂದ ನಾಯಿ ಸಾಕುವ ದುಂಡೇಶ. ರಬಕವಿ-ಬನಹಟ್ಟಿಯಿಂದ ಪವರ್‌ಲೂಮ್ ಸೀರೆಗಳ ಧಣಿ ಚಿದಾನಂದ. ಬೀಳಗಿ ತಾಲೂಕಿನಿಂದ ಅನಗವಾಡಿಯ ಶಿದ್ರಾಮಪ್ಪ. ಈ ಶಿದ್ರಾಮಪ್ಪನವರು ಬಸ್ಸಿನಲ್ಲಿ ನಿಂತು ಬರುವವರಾದ್ದರಿಂದ ಬಂದ ಕೂಡಲೇ ಖುರ್ಚಿಯಲ್ಲಿ ವಿಶ್ರಾಂತಿ ಪಡೆಯುತ್ತಾರೆ.

ಮೊದಲ ಪರೀಕ್ಷೆ ಕಚೇರಿಯ ಪಡಸಾಲೆಯಲ್ಲಿ ನಡೆಯಿತು. ಬಿಸಿಲು ರಣರಣ ಅನ್ನುತ್ತಿತ್ತು. ಅಧ್ಯಕ್ಷರು ಗುಂಡಿ ಒತ್ತಿದರು.

"ಹತ್ತೇತೇನ್ರಿ?" ಎಂದರು ದುಂಡೇಶ.

"ಹತ್ತೂದಂತ ಅಂಗಡ್ಯಾಂವ ಹೇಳ್ಯಾನ," ಎಂದರು ಅಧ್ಯಕ್ಷರು.

ನಾಲ್ವರೂ ಟಾರ್ಚು ತಿರುಗಿಸಿದ ಕಡೆಗೆ ಕಣ್ಣಿಟ್ಟು ನೋಡಿದರು. ಗೋಡೆಯ ಮೇಲೆ ಬಿಸಿಲು ಬಿಟ್ಟು ಬೇರೇನೂ ಇರಲಿಲ್ಲ. 'ಬೆಳಕು ಕಂಡುಬಂದಿರುವುದಿಲ್ಲ' ಎಂದು ನಾನು ಷರಾ ಬರೆದೆ.

ಕಿಟಕಿಯ ಹೊರಗೆ ನಿಂತಿದ್ದ ಅಮಸಿದ್ದಪ್ಪ, "ಎಪ್ಪಾ, ಹೊತ್ತ ಮುಣಗಿದ ಮ್ಯಾಲ ನೋಡ್ರಲ್ರಿ, ಕಣ್ಣಿಗೆ ಹೊಡಿತೈತಿ!" ಎಂದ. ಅವನಿಗೆ ಏನು ಗೊತ್ತು. ವೇಳೆ ಮುಗಿದ ಮೇಲೆ ಬೀಳುವ ಕತ್ತಲನ್ನು ಕಚೇರಿ ಗುರುತಿಸುವುದಿಲ್ಲ. ಆದ್ದರಿಂದ ಕಚೇರಿಯ ವೇಳೆಯಲ್ಲೇ ಬಳಸಬಹುದಾದ ಕತ್ತಲನ್ನು ಖರೀದಿಸಲು ಉಪಸಮಿತಿ ನಿರ್ಧರಿಸಿ, ಈ ಕೆಳಗಿನ ಪ್ರಕಟಣೆ ಹೊರಡಿಸಿತು:

'ಮಂಡಳಿಗೆ ಒಂದು ಕೋಣೆಯಷ್ಟು ಕತ್ತಲೆ ಬೇಕಾಗಿರುತ್ತದೆ. ಕತ್ತಲೆಯು ಹೊಚ್ಚ ಹೊಸದಿರಬೇಕು. ತೂತುಗಳಿರಬಾರದು. ಒಗೆದರೆ ಬಣ್ಣ ಬಿಡಬಾರದು. ಪೂರೈಕೆದಾರರು ಈ ಹಿಂದೆ ಯಾವುದಾದರೂ ಸಂಸ್ಥೆಯನ್ನು ಕತ್ತಲಲ್ಲಿಟ್ಟ ಅನುಭವ ಹೊಂದಿರಬೇಕು.'

ಪೂರೈಕೆಗೆ ಮುಂದೆ ಬಂದವರು ಯೋಗಾಯೋಗದಿಂದ ನಮ್ಮ ಚಿದಾನಂದ ಅವರೊಬ್ಬರೇ. ಅವರು ಉಪಸಮಿತಿಯ ಸದಸ್ಯರಲ್ಲವೇ ಎಂದು ಕೊಂಕು ತೆಗೆಯುವವರಿಗೆ ಹೇಳುತ್ತೇನೆ: ಆ ದಿನದ ಸಭೆಯಲ್ಲಿ ಅವರು ಎದ್ದು ಹೊರಗೆ ಹೋಗಿ, ಬಾಗಿಲಲ್ಲಿ ನಿಂತು ಕೈ ಎತ್ತಿದರು.

ಬನಹಟ್ಟಿಯಿಂದ ಕರೀ ಬಟ್ಟೆ ಟೆಂಪೋದಲ್ಲಿ ಬಂತು. ಬಿಚ್ಚಿ ನೋಡಿದರೆ ಎರಡೂ ಬದಿಗೆ ಕೆಂಪು ಅಂಚು, ತುದಿಗೆ ಜರಿಯ ಸೆರಗು.

"ಏನ್ರಿ ಚಿದಾನಂದ, ಕತ್ತಲಿಗೆ ಸೆರಗ್ಯಾಕ?" ಎಂದರು ಅಧ್ಯಕ್ಷರು.

"ನಮ್ಮ ಮಗ್ಗಕ್ಕ ಅಂಚು ಬಿಟ್ಟ ನೇಯೂದ ಗೊತ್ತಿಲ್ರಿ. ಹೇಳಿದ್ರ ಕೇಳೂದಿಲ್ಲ, ಹಟಮಾರಿ ಮಗ್ಗ ಅದು. ಆದ್ರ ಅಂಚಿಂದು ಬ್ಯಾರೆ ದರ ಹಚ್ಚಿಲ್ಲ ನೋಡ್ರಿ. ಸೆರಗಿಂದಷ್ಟ ಹಚ್ಚೇನಿ."

ಕಿಟಕಿ, ಬಾಗಿಲು, ಗಾಳಿಗಂಡಿಗಳಿಗೆ ಕತ್ತಲು ಹೊಡೆಸಲಾಯಿತು. ಉಳಿದ ತುಂಡುಗಳು ಸದಸ್ಯರ ಮನೆಗಳಿಗೆ ಹೋಗಿ ಕುಬಸಗಳಾದವು. ಕತ್ತಲಿನ ಗುಣಮಟ್ಟ ಅಳೆಯುವುದು ಹೇಗೆ ಎಂದು ನಾವು ಚರ್ಚಿಸುತ್ತಿದ್ದಾಗ ಒಳಗಿನಿಂದ ಗೊರಕೆ ಕೇಳಿಸಿತು. ಶಿದ್ರಾಮಪ್ಪನವರು ಆಗಲೇ ಪರಿಶೀಲನೆ ಆರಂಭಿಸಿದ್ದರು. ಅವರು ಎಚ್ಚರಾಗುವತನಕ ಕಾಯ್ದು, ಕತ್ತಲೆ ತೃಪ್ತಿಕರವಾಗಿದೆ ಎಂದು ಪ್ರಮಾಣೀಕರಿಸಿದೆವು.

ಎರಡನೆಯ ಪರೀಕ್ಷೆ ಈ ಕತ್ತಲಲ್ಲಿ. ಎಲ್ಲರೂ ಸುತ್ತ ನಿಂತರು. ಬಾಗಿಲ ಸೆರಗು ಇಳಿಬಿಟ್ಟೆವು. ಅಧ್ಯಕ್ಷರು ಗುಂಡಿ ಒತ್ತಿದರು.

ಒತ್ತಿದ ಕೂಡಲೇ ನಾವೆಲ್ಲ ಕಣ್ಣು ಮುಚ್ಚಿ ಕೈಮುಗಿದೆವು.

ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆ ಕತ್ತಲಾದಾಗ ಯಾರ ಮನೆಯಲ್ಲಿ ದೀಪ ಹತ್ತಿದರೂ, ಅದು ಕಂದೀಲಿರಲಿ, ಟ್ಯೂಬಲೈಟಿರಲಿ, ಇದ್ದಲ್ಲೇ ಕಣ್ಣು ಮುಚ್ಚಿ ಕೈಮುಗಿಯುತ್ತಾರೆ. ಹೆತ್ತವರು ಕಲಿಸಿದ್ದು, ಕೈ ತಾನೇ ಏಳುತ್ತದೆ. ಅಧ್ಯಕ್ಷರೂ ಒತ್ತಿದ ಕೈಯಿಂದಲೇ ಮುಗಿದರು, ಅಷ್ಟರಲ್ಲಿ ಗುಂಡಿ ಮತ್ತೆ ಒತ್ತಿ ಹೋಗಿ ಟಾರ್ಚು ಆರಿತು. ಕಣ್ಣು ಬಿಟ್ಟಾಗ ಕತ್ತಲೆಯೇ ಇತ್ತು.

"ಯಾರರ ನೋಡಿದ್ರೇನು?" ಎಂದರು ಅಧ್ಯಕ್ಷರು.

ಯಾರೂ ನೋಡಿರಲಿಲ್ಲ. ಮತ್ತೆ ಒತ್ತಿದರು. ಮತ್ತೆ ಕೈಮುಗಿದೆವು. ಶಿದ್ರಾಮಪ್ಪನವರಂತೂ ಗಲ್ಲ ಗಲ್ಲ ಬಡಿದುಕೊಂಡರು. ಊಟದ ಹೊತ್ತಿನ ತನಕ ಇದೇ ನಡೆದು, ಭಕ್ತಿಯಿಂದ ಎಲ್ಲರ ರಟ್ಟೆ ನೋಯತೊಡಗಿದವು.

"ದೀಪಕ್ಕ ಕೈಮುಗಿಬ್ಯಾಡ್ರಿ ಅಂತ ಒಂದ್ ಆರ್ಡರ್ ತಗೀರಲಾ," ಎಂದರು ದುಂಡೇಶ ನನಗೆ.

"ಸಹಿ ಯಾರ ಮಾಡಾವ್ರು? ನೀವ ಮಾಡ್ರಿ," ಎಂದೆ.

"ಅಯ್ಯ ಬ್ಯಾಡಪಾ, ನಂಗೂ ಮನಿ ಮಂದಿ ಅದಾರ."

ಆಗ ದುಂಡೇಶರು ಕೈಮುಗಿಯದ ಪರೀಕ್ಷಕನನ್ನು ನೇಮಿಸುವ ಸಲಹೆ ಕೊಟ್ಟರು. ಮರುವಾರ ತಮ್ಮ ಮುಧೋಳ ನಾಯಿಯನ್ನು ಜೀಪಿನಲ್ಲಿ ತಂದರು. ನಾಯಿಗೆ ಪ್ರವಾಸ ಭತ್ಯೆ, ಮೊಟ್ಟೆ, ಹಾಲು ಮಂಜೂರಾದವು. ಮೊಟ್ಟೆಯನ್ನು ನಾಯಿ ತಿನ್ನುವುದಿಲ್ಲ ಎಂದು ಆಮೇಲೆ ತಿಳಿಯಿತು, ಆದರೂ ಮೊಟ್ಟೆ ಉಳಿಯಲಿಲ್ಲ. ಟಾರ್ಚು ಹತ್ತಿತು, ನಾವು ಕಣ್ಣು ಮುಚ್ಚಿದೆವು, ಪರ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ನಾಯಿ ಕಿಟಕಿಯ ಮೇಲಿನ ಬೆಳಕಿನ ಬೊಟ್ಟಿಗೆ ಹಾರಿ ಕತ್ತಲನ್ನು ಸೆರಗಿನ ತನಕ ಸೀಳಿತ್ತು. ಕೋಣೆಯೆಲ್ಲ ಬಿಸಿಲು. ಮುಧೋಳದ ನಾಯಿಯ ಅಭಿಪ್ರಾಯಕ್ಕೆ ಜಮಖಂಡಿಯಲ್ಲಿ ಮಾನ್ಯತೆ ಇಲ್ಲವೆಂದು ಅಧ್ಯಕ್ಷರು ತೀರ್ಪಿತ್ತರು. ಹೊಸ ಕತ್ತಲನ್ನು ಚಿದಾನಂದ ಅವರೇ ಪೂರೈಸಿದರು. ಅದಕ್ಕೆ ಅಂಚು ಹಸಿರು.

ಕಡೆಗೆ ಪರಿಹಾರ ಹೊಳೆದದ್ದು, ಜಂಬವಲ್ಲ, ನನಗೇ. ಕೈ ಮುಗಿಯಬೇಕು, ಆದರೆ ಬಲಗಣ್ಣನ್ನು ಮಾತ್ರ ಮುಚ್ಚತಕ್ಕದ್ದು, ಎಡಗಣ್ಣನ್ನು ಕಚೇರಿಯ ಕೆಲಸಕ್ಕೆ ತೆರೆದಿಡತಕ್ಕದ್ದು. ಒಂದು ಕಣ್ಣು ಮುಚ್ಚಲು ಬಾರದ ಶಿದ್ರಾಮಪ್ಪನವರಿಗೆ ತರಬೇತಿ ಕೊಡಿಸಿದೆವು. ಹೀಗೆ ಟಾರ್ಚಿನ ಬೆಳಕು ಅಧಿಕೃತವಾಗಿ ಕಂಡಿತು. ಹಾಲಿನಂಥ ಬೆಳಕು. ಖರೆ ಹೇಳುತ್ತೇನೆ, ನೋಡಿ ನನ್ನ ಕಣ್ಣೇ ತುಂಬಿ ಬಂತು. ಟಾರ್ಚಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ದಿನಬಳಕೆಗೆ ಯೋಗ್ಯ ಎಂದು ಘೋಷಿಸಿದೆವು.

ಇಷ್ಟು ಹೊತ್ತಿಗೆ ಹಿಪ್ಪರಗಿಯ ಕಬ್ಬು ಕಾರ್ಖಾನೆಗೆ ಹೋಗಿ, ಉಳಿದ ಬುಡದಿಂದ ಕೂಳೆ ಚಿಗುರಿ, ಅದೂ ಆಳೆತ್ತರ ನಿಂತಿತ್ತು.

ಟಾರ್ಚು ಒಯ್ಯಲು ಅಮಸಿದ್ದಪ್ಪ ಬಂದ. ಜೊತೆಗೆ ಅವನ ಹೆಂಡತಿ ಯಲ್ಲಕ್ಕನೂ ಬಂದಳು. ಅಧ್ಯಕ್ಷರು ಟಾರ್ಚು ಎತ್ತಿ ಕೊಡಬೇಕು, ಅಷ್ಟರಲ್ಲಿ ಚಿದಾನಂದ ಅವರು ಕೆಮ್ಮಿದರು.

"ಒಂದ್ ಮಾತ. ನಾವ್ ಪರೀಕ್ಷಾ ಮಾಡೂ ಮುಂದ ಇವ ಬ್ಯಾಟ್ರಿ ಇಲ್ದನ ಕೆಲಸಾ ಮಾಡ್ಯಾನ?"

"ಹೌದ್ರಿ," ಎಂದ ಅಮಸಿದ್ದಪ್ಪ.

"ಹಾವು ಕಡದೈತಿ?"

"ಇಲ್ರಿ. ನಮ್ಮ ದೇವರು ಬೀರಪ್ಪ ಕಾಯ್ದಾನ್ರಿ."

"ಅಂದ್ರ ಬ್ಯಾಟ್ರಿ ಇಲ್ದನ ಛಲೋ ನಡದೈತಿ. ಮತ್ಯಾಕ ಬೇಕು?"

ಇಷ್ಟು ಸರಳ ಅಂಶ ಯಾರ ತಲೆಗೂ ಹೊಳೆದಿರಲಿಲ್ಲ. ಶಂಕರೆಪ್ಪನವರು ಟಾರ್ಚನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು. "ಬ್ಯಾಟ್ರಿ ಪಾಸಾಗೇತಿ ತಮ್ಮಾ, ಅದರಾಗ ಸಂಶೆ ಇಲ್ಲ. ನಿನ್ನ ಗರಜು ಪಾಸಾಗವಲ್ದು," ಎಂದರು.

ಯಲ್ಲಕ್ಕ ಮುಂದೆ ಬಂದಳು. "ಇವ ಹೋಗಿ ಬರೂತನಕ ನಾ ಉಸರ ಹಿಡಕೊಂಡ ಕುಂದರ್ತೇನ್ರಿ. ಒಂದ್ ಎಲಿ ಸರಕ್ ಅಂದ್ರ ಎದಿ ಝಲ್ ಅಂತೈತಿ. ಹಂಗಾರ ಏನು, ಕಡಸ್ಕೊಂಡ ಬರಬೇಕೇನ್ರಿ?"

"ಒಮ್ಮೆ ಸಾಕವ್ವಾ," ಎಂದರು ಅಧ್ಯಕ್ಷರು ಮೃದುವಾಗಿ. "ಪದೇ ಪದೇ ಬ್ಯಾಡ. ನಾವೇನ್ ಕಟುಕರಲ್ಲ."

"ವಿಷದ್ದ ಆಗಬೇಕ ಮತ್ತ. ಕೇರೆಹಾವು ನಡಿಯಂಗಿಲ್ಲ," ಎಂದು ದುಂಡೇಶ ಸ್ಪಷ್ಟಪಡಿಸಿದರು.

"ಥೂ, ನಿಮ್ಮ ಬಾಯಾಗ ಮಣ್ಣ ಬೀಳಲಿ!" ಎಂದು ಯಲ್ಲಕ್ಕ ಕೂಗಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು, ಬಾಯಿಗೆ ಸೆರಗು ಒತ್ತಿ ಅತ್ತಳು. ಮಂಡಳಿಯು ಅಡ್ಡಿಪಡಿಸಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ನನಗ ಇವ ಬೇಕ್ರಿ. ಇವನ್ನ ಬಿಟ್ರ ನನಗ್ಯಾರೂ ಇಲ್ಲ. ನಾ ಮುಂದ ನಡೀತೇನಿ, ಇವ ಹಿಂದ ಬರಲಿ. ನನಗ ಕಡದ್ರ ನಡೀತೈತೇನು, ಅದನ್ನರ ಹೇಳ್ರಿ."

ಎಲ್ಲರೂ ನನ್ನ ಮುಖ ನೋಡಿದರು. ನಿಯಮಗಳಲ್ಲಿ ಹೆಂಡತಿಯ ಪ್ರಸ್ತಾಪವೇ ಇರಲಿಲ್ಲ. ಇಂಥ ಹೊತ್ತಿನಲ್ಲೇ ಒಂದು ಸಂಸ್ಥೆಯ ಮಾನವೀಯತೆ ಗೊತ್ತಾಗುವುದು. ನಿಂತ ಕಾಲಲ್ಲೇ ತಿದ್ದುಪಡಿ ಬರೆದು ಓದಿದೆ: 'ನೌಕರನ ಮುಂದೆ ನಡೆಯುವ ಪತ್ನಿಗೆ ಕಡಿದ ಹಾವು ನೌಕರನಿಗೇ ಕಡಿದದ್ದೆಂದು ಪರಿಭಾವಿಸತಕ್ಕದ್ದು.'

ಸದಸ್ಯರು ಟೇಬಲ್ ಕುಟ್ಟಿ ಸ್ವಾಗತಿಸಿದರು. ಶಿದ್ರಾಮಪ್ಪನವರೂ ಎಚ್ಚರಾಗಿ ಕುಟ್ಟಿದರು. ಶಂಕರೆಪ್ಪನವರು ಕಣ್ಣೊರೆಸಿಕೊಂಡರು. "ದೊಡ್ಡ ಉಪಕಾರ ಆತ್ರಿ," ಎಂದಳು ಯಲ್ಲಕ್ಕ. ಟಾರ್ಚನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಗಂಡ ಹೆಂಡತಿ ಕಚೇರಿ ಪಕ್ಕದ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಕಿಟಕಿಯಿಂದ ನನಗೆ ಅವರ ಮಾತು ಕೇಳಿಸುತ್ತಿತ್ತು.

"ನಾ ಮುಂದ ನಡೀತೇನಂತ ಹೇಳಿನಿಲ್ಲ? ಸುಮ್ನಿರು."

"ಹುಚ್ಚಿ ಅದಿಯೇನ್ ಬೇ? ದಾರಿ ನನಗ ಗೊತ್ತೈತಿ. ನಾನ ಮುಂದ."

"ನೀ ಹ್ವಾದ್ರ ನಾ ಏನ್ ಮಾಡ್ಲಿ?"

"ನೀ ಹ್ವಾದ್ರ ನಾ ಏನ್ ಮಾಡ್ಲಿ?"

ಹಿಪ್ಪರಗಿ ಬಸ್ಸು ಬಂದು, ಅವರಿಬ್ಬರೂ ಹತ್ತುವತನಕ ಯಾರು ಮುಂದೆ ನಡೆಯಬೇಕೆಂಬ ಜಗಳ ಬಗೆಹರಿಯಲಿಲ್ಲ. ಅದು ಗಂಡ ಹೆಂಡಿರ ಮನೆ ವಿಷಯವಾದ್ದರಿಂದ ಮಂಡಳಿಯು ಮಧ್ಯ ಪ್ರವೇಶಿಸುವುದಿಲ್ಲ.